ಬಯಕೆ ಬೇರೆ, ಸವಿ ಬೇರೆ

‘ಆಸೆಯೇ ದುಃಖಕ್ಕೆ ಮೂಲ’ ಎಂಬ ಮಾತನ್ನು ಕೇಳದವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಜಗುಲಿಯ ಮೇಲೆ ಕುಳಿತ ಅಜ್ಜನೂ ಅದನ್ನೇ ಹೇಳುತ್ತಾನೆ, ಪ್ರವಚನದ ಪೀಠದಿಂದಲೂ ಅದೇ ಮಾತು ಬರುತ್ತದೆ. ಆದರೆ ಆಸೆ ಎಂಬುದು ಈ ದೇಹದಲ್ಲಿ ಎಲ್ಲಿ ನೆಲೆಸಿದೆ, ಹುಟ್ಟುವುದು ಹೇಗೆ, ಬೆಳೆಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ಮನಸ್ಸು ಮರ್ಕಟ ಎಂದು ಹೇಳಿ ಮಾತು ಮುಗಿಸುತ್ತೇವೆ. ಆ ಮರ್ಕಟ ಯಾವ ಕೊಂಬೆಯಿಂದ ಯಾವ ಕೊಂಬೆಗೆ ಹಾರುತ್ತದೆ ಎಂಬುದನ್ನು ಕಳೆದ ಎಪ್ಪತ್ತು ವರ್ಷಗಳಲ್ಲಿ ವಿಜ್ಞಾನಿಗಳು ಬಹುಮಟ್ಟಿಗೆ ಗುರುತಿಸಿದ್ದಾರೆ. ಅದರಲ್ಲಿ ಒಂದು ಪಾಲು ಕೆಲಸ ನಡೆದದ್ದು ಬೇಗೂರಿನಿಂದ ದೂರವೇನೂ ಇಲ್ಲದ, ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ ಎಂಬುದು ನಮ್ಮ ಭಕ್ತರಲ್ಲಿ ಬಹಳ ಮಂದಿಗೆ ತಿಳಿದಿರಲಾರದು.

ಈ ವಿಚಾರವನ್ನು ಎತ್ತಿಕೊಳ್ಳಲು ಕಾರಣವಿದೆ. ಬೇಗೂರು, ಹೊಂಗಸಂದ್ರ, ಬೊಮ್ಮನಹಳ್ಳಿ, ಹುಳಿಮಾವು ಸುತ್ತಿನಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳು ಒಂದೊಂದಾಗಿ ಬಡಾವಣೆಗಳಾದವು. ಎಲೆಕ್ಟ್ರಾನಿಕ್ ಸಿಟಿ ಬೆಳೆದಂತೆಲ್ಲ ಗುಂಟೆ ಲೆಕ್ಕದ ಭೂಮಿ ಅಡಿ ಲೆಕ್ಕಕ್ಕೆ ಬಂತು. ಹೊಲ ಮಾರಿದ ಹಣ, ಬಾಡಿಗೆಯ ಹಣ ಮನೆಗೆ ಬಂದಾಗ ನೇಗಿಲು ಹಿಡಿದ ಕೈಗೆ ಕೆಲಸ ತಪ್ಪಿತು. ಕೆಲವು ಮನೆಗಳಲ್ಲಿ ಆ ಹಣ ಮಕ್ಕಳ ಓದಿಗಾಯಿತು. ಕೆಲವು ಮನೆಗಳಲ್ಲಿ ಬಾಟಲಿಗೆ, ಇಸ್ಪೀಟಿಗೆ, ಆಮೇಲೆ ಮೊಬೈಲಿನ ರಮ್ಮಿಗೆ ಹೋಯಿತು. ತಾಯಂದಿರು ಬಂದು ಹೇಳುತ್ತಿದ್ದ ಮಾತು ಹೆಚ್ಚು ಕಡಿಮೆ ಒಂದೇ: “ಬುದ್ಧೀ, ರಾತ್ರಿಯೆಲ್ಲ ಆಡ್ತಾನೆ. ಸೋತ್ರೂ ಬಿಡಲ್ಲ, ಗೆದ್ರೂ ಮುಖದಲ್ಲಿ ನಗು ಇಲ್ಲ. ನೀವೊಂದು ಮಾತು ಹೇಳಿ.” ಗೆದ್ದರೂ ನಗುವಿಲ್ಲ ಎಂಬ ಆ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಓದು ಬಾರದ ತಾಯಿ ಕಂಡುಕೊಂಡದ್ದನ್ನೇ ಪ್ರಯೋಗಶಾಲೆಯೂ ಕಂಡುಕೊಂಡಿತು.

1954ನೆಯ ಇಸವಿ. ಕೆನಡಾ ದೇಶದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ಇಬ್ಬರು ಇಲಿಯ ಮೆದುಳಿನೊಳಗೆ ಸಣ್ಣ ತಂತಿಯನ್ನು ಇಳಿಸಿ, ಅತ್ಯಲ್ಪ ಪ್ರಮಾಣದ ವಿದ್ಯುತ್ ಹರಿಸಿ ನೋಡುತ್ತಿದ್ದರು. ಪೆಟ್ಟಿಗೆಯ ಯಾವ ಮೂಲೆಯಲ್ಲಿ ಆ ವಿದ್ಯುತ್ ಸಿಕ್ಕಿತ್ತೋ ಅದೇ ಮೂಲೆಗೆ ಇಲಿ ಮತ್ತೆ ಮತ್ತೆ ಬರತೊಡಗಿತು. ಹಾಗಾದರೆ ಇಲಿಯ ಕಾಲಿಗೇ ಗುಂಡಿಯನ್ನು ಕೊಟ್ಟು ನೋಡೋಣ ಎಂದುಕೊಂಡರು. ಒತ್ತಿದರೆ ವಿದ್ಯುತ್ತು, ಬಿಟ್ಟರೆ ಇಲ್ಲ. ಮುಂದಿನ ಪ್ರಯೋಗಗಳಲ್ಲಿ ಕೆಲವು ಇಲಿಗಳು ಗಂಟೆಗೆ ಎರಡು ಸಾವಿರಕ್ಕೂ ಹೆಚ್ಚು ಸಲ, ಹಗಲೂ ರಾತ್ರಿಯೂ ಒತ್ತಿದವು. ಪಕ್ಕದಲ್ಲೇ ಆಹಾರವಿದ್ದರೂ ಅತ್ತ ತಿರುಗದೆ ಸೊರಗಿದ ಇಲಿಗಳೂ ಇದ್ದವು. ನಾಲಿಗೆಗೆ ಏನೂ ತಗುಲಲಿಲ್ಲ, ಹೊಟ್ಟೆಗೆ ಏನೂ ಬೀಳಲಿಲ್ಲ. ಆದರೂ ಬೇಕು, ಇನ್ನೂ ಬೇಕು!

ಅದೇ 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಅದೂ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಹಳಬರು ಅದನ್ನು ಹುಚ್ಚಾಸ್ಪತ್ರೆ ಎಂದೇ ಕರೆಯುತ್ತಿದ್ದರು. ಆ ಹೆಸರಿಗೆ ಅಂಜಿ ಎಷ್ಟು ಮನೆಗಳು ಚಿಕಿತ್ಸೆ ತಪ್ಪಿಸಿಕೊಂಡವೋ ಲೆಕ್ಕವಿಲ್ಲ. ಅಲ್ಲಿನ ನರಶರೀರಶಾಸ್ತ್ರ ವಿಭಾಗದಲ್ಲಿ 1990ರ ದಶಕದಲ್ಲಿ ಬಿ. ಎಲ್. ಮೇಟಿ, ಟಿ. ಆರ್. ರಾಜು, ಬಿ. ಎಸ್. ಶಂಕರನಾರಾಯಣ ರಾವ್ ಇವರು ಇಲಿಗಳಿಗೆ ಕೆಲವು ದಿನ ಇಂತಹ ಗುಂಡಿಯನ್ನು ಒತ್ತಲು ಬಿಟ್ಟು, ಆಮೇಲೆ ಅವುಗಳ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನೆನಪಿಗೆ ಸಂಬಂಧಿಸಿದ ಭಾಗದಲ್ಲೂ, ಕೈಕಾಲುಗಳನ್ನು ಆಡಿಸುವ ಭಾಗದಲ್ಲೂ ನರಕೋಶಗಳು ಹೆಚ್ಚು ಕವಲೊಡೆದಿದ್ದವು. ಮುಂಗಾರು ಬಿದ್ದ ಮೇಲೆ ಹೊಂಗೆಮರ ಚಿಗುರಿದ ಹಾಗೆ. ಪಟ್ಟ ಸುಖ ಪಟ್ಟ ಗಳಿಗೆಗೇ ಮುಗಿಯುವುದಿಲ್ಲ, ಮೆದುಳಿನ ರಚನೆಯಲ್ಲೇ ಗುರುತು ಬಿಟ್ಟು ಹೋಗುತ್ತದೆ ಎಂದು ಇದರಿಂದ ತಿಳಿಯಿತು.

2008ರಲ್ಲಿ ಇದೇ ವಿಭಾಗದಿಂದ ಬಂದ ಇನ್ನೊಂದು ಅಧ್ಯಯನ ನಮಗೆ ಇನ್ನೂ ಮುಖ್ಯವೆನಿಸುತ್ತದೆ. ಇಲಿಗಳನ್ನು 21 ದಿನ, ದಿನಕ್ಕೆ ಕೆಲವು ಗಂಟೆ ಅಲುಗಾಡದಂತೆ ಕೂಡಿ ಹಾಕಿ ಹಿಂಸೆಗೆ ಒಳಪಡಿಸಿದಾಗ ಅವುಗಳ ನರಕೋಶದ ಕವಲುಗಳು ಮುರುಟಿಕೊಂಡಿದ್ದವು, ದಾರಿಯ ನೆನಪು ಕೆಟ್ಟಿತ್ತು. ಬಳಿಕ ಅವಕ್ಕೆ ಸುಖದ ಗುಂಡಿ ಸಿಕ್ಕಾಗ ಮುರುಟಿದ ಕವಲು ಮತ್ತೆ ಬೆಳೆಯಿತು, ನೆನಪೂ ಮರಳಿತು. ಸುಖವೆಂದರೆ ಪಾಪ ಎಂದು ಬೋಧಿಸುವವರು ಇದನ್ನು ಗಮನಿಸಬೇಕು. ಅಳತೆಯಲ್ಲಿ ದೊರೆತ ಸಂತೋಷ ಮೆದುಳಿಗೆ ಔಷಧವೂ ಹೌದು.

ಇನ್ನು ಆಸೆಯ ನೆಲೆಯ ಮಾತು. ಮೆದುಳಿನ ಬುಡದಲ್ಲಿ, ಕತ್ತಿನ ಮೇಲ್ಭಾಗಕ್ಕೆ ಹತ್ತಿರದಲ್ಲಿ, ನರಕೋಶಗಳ ಒಂದು ಸಣ್ಣ ಗುಂಪಿದೆ. ಇಡೀ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿದ್ದರೆ ಈ ಗುಂಪಿನಲ್ಲಿರುವುದು ಕೆಲವೇ ಲಕ್ಷ. ಇವು ಡೋಪಮೈನ್ ಎಂಬ ರಸವನ್ನು ಮೆದುಳಿನ ನಡುಭಾಗಕ್ಕೂ, ಹಣೆಯ ಹಿಂದಿನ ಭಾಗಕ್ಕೂ ಕಳುಹಿಸುತ್ತವೆ. ಅದು ನರಗಳ ನಡುವೆ ಸುದ್ದಿ ಒಯ್ಯುವ ದೂತ ಎಂದು 1950ರ ದಶಕದ ಕೊನೆಯಲ್ಲಿ ತೋರಿಸಿದವರು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್. ಅವರಿಗೆ 2000ದಲ್ಲಿ ನೊಬೆಲ್ ಬಹುಮಾನ ಬಂತು. ಬಹುಕಾಲ ಇದನ್ನು ಸುಖದ ರಸ ಎಂದೇ ನಂಬಿದ್ದರು. ಪತ್ರಿಕೆಗಳಲ್ಲಿ ಈಗಲೂ ಹಾಗೆ ಬರೆಯುವವರಿದ್ದಾರೆ. ಅದು ಅಷ್ಟು ಸರಿಯಲ್ಲ.

ವುಲ್ಫ್ರಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸದ ತೊಟ್ಟು ಕೊಡುತ್ತ ಈ ಕೋಶಗಳ ಮಿಡಿತವನ್ನು ಅಳೆದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಕೋಶಗಳು ಮಿಡಿದವು. ರಸಕ್ಕೆ ಮುಂಚೆ ಒಂದು ದೀಪ ಹೊತ್ತುತ್ತದೆ ಎಂಬುದು ಕೋತಿಗೆ ರೂಢಿಯಾದ ಮೇಲೆ ದೀಪ ಕಂಡಾಗಲೇ ಮಿಡಿದವು. ರಸ ಬಂದಾಗ ಸುಮ್ಮನಿದ್ದವು. ದೀಪ ಹೊತ್ತಿಯೂ ರಸ ಬಾರದಿದ್ದರೆ, ರಸ ಬರಬೇಕಿದ್ದ ಆ ಕ್ಷಣದಲ್ಲೇ ಅವುಗಳ ಎಂದಿನ ಮಿಡಿತವೂ ಕುಗ್ಗಿತು. ದಾಸೋಹದ ಗಂಟೆ ಕೇಳಿದಾಗ ಮಕ್ಕಳಿಗೆ ಆಗುವ ಸಡಗರ ಎಲೆಯ ಮುಂದೆ ಕುಳಿತಾಗ ಇರುವುದಿಲ್ಲ. ಗಂಟೆ ಬಾರಿಸಿ ಬಡಿಸದೆ ಹೋದರೆ ಮುಖ ಬಾಡುತ್ತದೆ. ಈ ರಸ ಅಳೆಯುವುದು ಬಂದ ಸುಖವನ್ನಲ್ಲ, ನಿರೀಕ್ಷೆಗೂ ಬಂದದ್ದಕ್ಕೂ ನಡುವಿನ ಅಂತರವನ್ನು. ಈ ಸರಣಿಯ ಕೆಲಸಕ್ಕಾಗಿ ಶುಲ್ಟ್ಸ್, ಪೀಟರ್ ದಯಾನ್, ರೇ ಡೋಲನ್ ಮೂವರಿಗೆ 2017ರಲ್ಲಿ ‘ಬ್ರೈನ್ ಪ್ರೈಜ್’ ಎಂಬ ದೊಡ್ಡ ಪುರಸ್ಕಾರ ಸಂದಿತು.

ಅಮೆರಿಕದ ಕೆಂಟ್ ಬೆರಿಜ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಡೋಪಮೈನ್ ಬತ್ತಿಹೋದ ಇಲಿಗಳು ಆಹಾರದ ಪಕ್ಕದಲ್ಲೇ ಉಪವಾಸ ಬೀಳುತ್ತಿದ್ದವು, ಎದ್ದು ಹೋಗಿ ತಿನ್ನುತ್ತಿರಲಿಲ್ಲ. ಆದರೆ ಬಾಯಿಗೆ ಸಕ್ಕರೆ ನೀರು ಬಿಟ್ಟರೆ ಎಲ್ಲ ಇಲಿಗಳಂತೆ ತುಟಿ ಸವರಿಕೊಂಡು ಸವಿಯುತ್ತಿದ್ದವು. ಸವಿಯುವ ಶಕ್ತಿ ಉಳಿದಿತ್ತು, ಬಯಸುವ ಶಕ್ತಿ ಹೋಗಿತ್ತು. ಇದರ ತಿರುವುಮುರುವೇ ವ್ಯಸನ: ಬಯಕೆ ಬೆಟ್ಟದಷ್ಟು ಬೆಳೆದಿರುತ್ತದೆ, ಸವಿ ಸಾಸಿವೆಯಷ್ಟೂ ಉಳಿದಿರುವುದಿಲ್ಲ. ಗೆದ್ದರೂ ನಗುವಿಲ್ಲದ ಮುಖ ಇದೇ. ‘ಅದರಲ್ಲಿ ಏನು ಸುಖವೋ ನಿನಗೆ’ ಎಂದು ಕುಡುಕನನ್ನು ಕೇಳುವುದು ವ್ಯರ್ಥ. ಸುಖವಿಲ್ಲ ಎಂಬುದು ಅವನಿಗೂ ಗೊತ್ತು.

ಹಾಗೆಂದು ಆಸೆಯನ್ನು ಬೇರುಸಹಿತ ಕಿತ್ತುಹಾಕಬೇಕೆಂದು ನಾವು ಹೇಳಲಾರೆವು. ಆಸೆ ಪೂರ್ತಿ ಸತ್ತರೆ ಮನುಷ್ಯ ಆ ಇಲಿಯಂತೆ ಅನ್ನದ ಪಕ್ಕದಲ್ಲಿ ಕೂರುತ್ತಾನೆ. ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆಯಲ್ಲಿ ಡೋಪಮೈನ್ ಒದಗಿಸುವ ಕೋಶಗಳೇ ನಶಿಸುತ್ತವೆ. ಕೈ ನಡುಗುವುದಷ್ಟೇ ಅಲ್ಲ, ಉತ್ಸಾಹವೂ ಇಂಗುತ್ತದೆ. ಹಿರಿಯರಿರುವ ಮನೆಯವರು ತಿಳಿದಿರಬೇಕಾದ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇವೆ. ಈ ಕಾಯಿಲೆಗೆ ಡೋಪಮೈನ್‌ನಂತೆಯೇ ಕೆಲಸ ಮಾಡುವ ಕೆಲವು ಮಾತ್ರೆಗಳಿವೆ. ಅವನ್ನು ನುಂಗುವವರಲ್ಲಿ ಕೆಲವರಿಗೆ, ಜೀವಮಾನದಲ್ಲಿ ಎಲೆ ಮುಟ್ಟದವರಿಗೂ, ಜೂಜಿನ ಹುಚ್ಚು ಅಥವಾ ಕೊಳ್ಳುವ ಹುಚ್ಚು ಹತ್ತುವುದುಂಟು. ವೈದ್ಯರು ಮಾತ್ರೆ ಬದಲಿಸಿದಾಗ ಸಾಮಾನ್ಯವಾಗಿ ಅದು ಇಳಿಯುತ್ತದೆ. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಸಂಕೋಚಪಡದೆ ವೈದ್ಯರಿಗೆ ಹೇಳಬೇಕು. ಎಪ್ಪತ್ತು ವರ್ಷ ಸನ್ನಡತೆಯಿಂದ ಬಾಳಿದವರ ನಡತೆ ಒಂದು ಮಾತ್ರೆಯಿಂದ ಅಲುಗಾಡಬಹುದಾದರೆ, ಇಪ್ಪತ್ತರ ಹುಡುಗನನ್ನು ಕೆಟ್ಟವನು ಎಂದು ಕರೆಯುವ ಮುನ್ನ ನಾವು ಸ್ವಲ್ಪ ತಡೆಯಬೇಕಾಗುತ್ತದೆ.

ಜೂಜಿನ ಗುಟ್ಟೂ ಇಲ್ಲೇ ಇದೆ. ಶುಲ್ಟ್ಸ್ ಅವರ ತಂಡ 2003ರಲ್ಲಿ ತೋರಿಸಿದ್ದೇನೆಂದರೆ, ರಸ ಖಚಿತವಾಗಿ ಬರುವಾಗಲೂ ಅಲ್ಲ, ಖಚಿತವಾಗಿ ಬಾರದಿರುವಾಗಲೂ ಅಲ್ಲ, ಬಂದರೂ ಬರಬಹುದು ಬಾರದಿದ್ದರೂ ಇರಬಹುದು ಎಂಬ ಅರ್ಧಕ್ಕರ್ಧ ಸ್ಥಿತಿಯಲ್ಲಿ ಕಾಯುವಾಗ ಈ ಕೋಶಗಳ ಮಿಡಿತ ಅತಿ ಹೆಚ್ಚು. ತಿಂಗಳ ಸಂಬಳಕ್ಕೆ ಯಾರೂ ಹುಚ್ಚರಾಗುವುದಿಲ್ಲ; ಇಸ್ಪೀಟಿನ ಮುಂದಿನ ಎಲೆಗೆ ಆಗುತ್ತಾರೆ. ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿಯೂ ಲಾಟರಿಯೂ ನಿಂತವು. ಆಮೇಲೆ ಜೂಜು ಅಂಗೈಯೊಳಗೇ ಬಂತು. 2021ರಲ್ಲಿ ರಾಜ್ಯ ತಂದ ನಿಷೇಧವನ್ನು ಹೈಕೋರ್ಟ್ 2022ರಲ್ಲಿ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಒಳ್ಳೆಯದೇ. ಆದರೆ ಬೆರಳಿನಿಂದ ಒಂದೊಂದೇ ಚಿತ್ರ ಸರಿಸುತ್ತ, ಮುಂದಿನದು ಚೆನ್ನಾಗಿರಬಹುದು ಎಂದು ಕಾಯುವುದಕ್ಕೆ ಹಣ ಕಟ್ಟಬೇಕಾಗಿಲ್ಲ. ಅದಕ್ಕೆ ಕಾನೂನೂ ಇಲ್ಲ.

ಹಾಗಾದರೆ ಬಯಕೆಗೆ ಲಗಾಮು ಹಾಕುವುದು ಯಾವುದು? ಹಣೆಯ ಹಿಂದೆ ಇರುವ ಮೆದುಳಿನ ಮುಂಭಾಗ. ಇಂದಿನದನ್ನು ನಾಳೆಯದರ ಜೊತೆ ತೂಗಿ ನೋಡುವುದು, ಗುರಿಯನ್ನು ಮರೆಯದೆ ಹಿಡಿದಿಡುವುದು ಅದರ ಕೆಲಸ. ಬಯಕೆಯ ಭಾಗ ಹದಿಹರೆಯದಲ್ಲೇ ಚುರುಕಾದರೆ ಈ ಮುಂಭಾಗ ಬಲಿಯುವುದು ಇಪ್ಪತ್ತೈದರ ಹೊತ್ತಿಗೆ. ಎತ್ತು ಬಂತು, ಮೂಗುದಾರ ಇನ್ನೂ ಹೊಸೆಯುತ್ತಿದ್ದಾರೆ ಎನ್ನುವ ಹಾಗೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ಶಾಸನವಿದೆ, ಬೆಂಗಳೂರಿನ ಕಾಳಗದಲ್ಲಿ ಮಡಿದವನ ನೆನಪು ಅದರಲ್ಲಿದೆ, ಬೆಂಗಳೂರು ಎಂಬ ಹೆಸರು ದೊರೆಯುವುದೂ ಅಲ್ಲಿ. ತನ್ನ ಕಣ್ಣಿಗೆ ಎಂದೂ ಬೀಳದ ಫಲಕ್ಕಾಗಿ ಪ್ರಾಣ ಕೊಡಬಲ್ಲವನು ಮನುಷ್ಯ. ಆಯ್ದಕ್ಕಿ ಲಕ್ಕಮ್ಮನ ಕಥೆಯೂ ನಮ್ಮವರಿಗೆ ಗೊತ್ತು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು. ಆಕೆ ನೋಡಿದ್ದು ಕಣ್ಣ ಮುಂದಿನ ರಾಶಿಯನ್ನಲ್ಲ, ಆ ದಿನದ ದಾಸೋಹಕ್ಕೆ ಎಷ್ಟು ಬೇಕೆಂಬುದನ್ನು.

ಗುರಿಯಿಟ್ಟು ಮಾಡುವ ಕೆಲಸ ರೂಢಿಯಾದಾಗ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಆಡಮ್ಸ್ ಮತ್ತು ಡಿಕಿನ್ಸನ್ 1980ರ ದಶಕದ ಆರಂಭದಲ್ಲಿ ತೋರಿಸಿದರು. ಇಲಿಗಳು ಗುಂಡಿ ಒತ್ತಿ ಸಕ್ಕರೆ ಪಡೆಯಲು ಕಲಿತವು. ಆಮೇಲೆ ಸಕ್ಕರೆ ತಿಂದರೆ ಹೊಟ್ಟೆ ತೊಳಸುವಂತೆ ಮಾಡಿದರು. ನೂರು ಸಲವಷ್ಟೇ ಒತ್ತಿದ್ದ ಇಲಿಗಳು ಗುಂಡಿಯಿಂದ ದೂರ ಸರಿದವು. ಐನೂರು ಸಲ ಒತ್ತಿದ್ದವು, ಸಕ್ಕರೆ ಬೇಡವಾಗಿದ್ದರೂ ಒತ್ತುತ್ತಲೇ ಇದ್ದವು. ಕೆಲಸ ಗುರಿಯ ಕೈಯಿಂದ ರೂಢಿಯ ಕೈಗೆ ಹೋಗಿತ್ತು. ವಿಭೂತಿ ಹಚ್ಚುವ ಕೈಯೂ ಕೆಲವೊಮ್ಮೆ ಹೀಗೆ ತಾನೇ ಚಲಿಸುತ್ತದೆ, ಮನಸ್ಸು ಬಾಡಿಗೆಯ ಲೆಕ್ಕದಲ್ಲಿರುತ್ತದೆ! ಪೋರ್ಚುಗಲ್ಲಿನ ಸಂಶೋಧಕರು 2009ರಲ್ಲಿ ಇದಕ್ಕೆ ಇನ್ನೊಂದನ್ನು ಸೇರಿಸಿದರು. ಬಹುದಿನ ಒತ್ತಡಕ್ಕೆ ಸಿಕ್ಕಿದ ಇಲಿಗಳಲ್ಲಿ ಗುರಿಯ ಭಾಗ ಕುಗ್ಗಿ ರೂಢಿಯ ಭಾಗ ಹಿಗ್ಗುತ್ತದೆ. ಅವು ಬೇಗ ರೂಢಿಗೆ ಗುಲಾಮರಾಗುತ್ತವೆ. ಒತ್ತಡ ತಪ್ಪಿ ಕೆಲವು ವಾರ ಕಳೆದಾಗ ಸರಿಹೋಗುತ್ತವೆ.

ಆದ್ದರಿಂದಲೇ ನಾಲ್ಕು ಜನರ ಮುಂದೆ ನಿಲ್ಲಿಸಿ ಬೈಯುವುದು, ಹೊಡೆಯುವುದು, ಮನೆಯಿಂದ ಹೊರಹಾಕುವೆವೆಂದು ಹೆದರಿಸುವುದನ್ನು ನಾವು ಒಪ್ಪುವುದಿಲ್ಲ. ಅದು ಒತ್ತಡವನ್ನು ಹೆಚ್ಚಿಸುತ್ತದೆ, ಒತ್ತಡ ಅವನನ್ನು ಮತ್ತೆ ಆ ಗುಂಡಿಯ ಬಳಿಗೇ ತಳ್ಳುತ್ತದೆ. ಸಾಲದ ಮೊತ್ತ ಎಷ್ಟೆಂದು ಸಮಾಧಾನದಿಂದ ಕೇಳಿ ತಿಳಿದುಕೊಳ್ಳುವುದು ಮೊದಲ ಕೆಲಸ. ಹಣದ ವ್ಯವಹಾರ ಕೆಲಕಾಲ ಮನೆಯ ಇನ್ನೊಬ್ಬರ ಕೈಯಲ್ಲಿರಲಿ. ರಾತ್ರಿ ಮೊಬೈಲು ಮಲಗುವ ಕೋಣೆಯ ಹೊರಗಿರಲಿ. ಆಣೆ ಮಾಡಿಸಿದರೆ ಸಾಕೆಂದು ನಮ್ಮ ಹಿರಿಯರು ತಿಳಿದಿದ್ದಾರೆ. ಆಣೆ ಮಾಡುವುದು ಮೆದುಳಿನ ಮುಂಭಾಗ, ಸಂಜೆ ಏಳು ಗಂಟೆಗೆ ಎದ್ದು ಹೊರಡುವುದು ಬುಡದ ಭಾಗ. ಆ ಹೊತ್ತಿಗೆ ಕೈಗೆ ಬೇರೆ ಕೆಲಸವಿರಬೇಕು. ನಿಮ್ಹಾನ್ಸ್‌ನಲ್ಲಿ ಮದ್ಯ ಮತ್ತು ಇತರ ವ್ಯಸನಗಳಿಗೆ ಪ್ರತ್ಯೇಕ ಚಿಕಿತ್ಸಾ ಕೇಂದ್ರವಿದೆ. ಮೊಬೈಲಿನ ಗೀಳಿಗೆಂದೇ ‘ಶಟ್’ ಎಂಬ ಚಿಕಿತ್ಸಾಲಯ 2014ರಲ್ಲಿ ಅಲ್ಲಿ ಆರಂಭವಾಯಿತು. ಅಲ್ಲಿಯವರೆಗೆ ಹೋಗಲು ಹಿಂಜರಿಯುವವರು 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಶುರುವಾದ ಈ ಟೆಲಿ ಮಾನಸ್ ಸೇವೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ಚಿಕಿತ್ಸೆ ಮುಗಿಸಿ ಬಂದವನ ವಿಷಯದಲ್ಲಿ ಒಂದು ಮಾತು. ಕೋತಿಗೆ ದೀಪವಿದ್ದಂತೆ ಅವನಿಗೂ ದೀಪಗಳಿವೆ: ಅದೇ ತಿರುವಿನ ಅಂಗಡಿ, ಅದೇ ಗೆಳೆಯನ ಬೈಕಿನ ಸದ್ದು, ಸಂಬಳ ಬಂದ ದಿನದ ಸಂಜೆ. ಕುಡಿತ ಬಿಟ್ಟು ವರ್ಷಗಳಾದರೂ ಇವು ಪೂರ್ತಿ ಆರುವುದಿಲ್ಲ. ಮದುವೆ ಮನೆಯಲ್ಲಿ, ಬೀಗರ ಊಟದಲ್ಲಿ ‘ಇವತ್ತೊಂದು ದಿನ’ ಎಂದು ಅವನ ಕೈಗೆ ಲೋಟ ಕೊಡಬೇಡಿ. ಊರಿಗೆ ಕರೆದೊಯ್ಯುವಾಗ ಆ ಅಂಗಡಿಯ ಬೀದಿ ಬಿಟ್ಟು, ಒಂದು ಮೈಲಿ ಸುತ್ತಾದರೂ ಚಿಂತೆಯಿಲ್ಲ, ಕೆರೆಯ ಕಡೆಯ ದಾರಿಯಲ್ಲಿ ಕರೆದುಕೊಂಡು ಹೋಗಿ.