ಚಟ್ನಿಗೆ ಸಿಗುವ ತೀರ್ಪು ಪದ್ಯಕ್ಕೇಕಿಲ್ಲ?

ಬಟ್ಟೆ ಕೊಳ್ಳಲೆಂದೋ, ಆಸ್ಪತ್ರೆಗೆಂದೋ, ಕಾಲೇಜಿನ ಅರ್ಜಿ ತರಲೆಂದೋ ದಾವಣಗೆರೆಗೆ ಹೋದ ಚನ್ನಗಿರಿಯ ಅಥವಾ ಜಗಳೂರಿನ ಕುಟುಂಬ ಬೆಣ್ಣೆ ದೋಸೆ ತಿನ್ನದೆ ಊರಿಗೆ ಮರಳುವುದು ಅಪರೂಪ. ತಿಂದಾದ ಮೇಲೆ ಬಸ್ಸಿನಲ್ಲಿ ವಿಚಾರಣೆ ಶುರುವಾಗುತ್ತದೆ. ಚಟ್ನಿ ನೀರಾಗಿತ್ತು. ದೋಸೆ ಅಂಚಿನಲ್ಲಿ ಗರಿಗರಿ, ನಡುವೆ ಹಸಿ. ಹೋದ ಸಲ ಆ ಇನ್ನೊಂದು ಹೋಟೆಲಿನಲ್ಲಿ ತಿಂದದ್ದೇ ವಾಸಿ. ಹೀಗೆ ತೀರ್ಪು ಕೊಡುವುದರಲ್ಲಿ ಏಳನೇ ತರಗತಿಯ ಹುಡುಗಿ ಅಜ್ಜನಿಗಿಂತ ಹಿಂದೆ ಬೀಳುವುದಿಲ್ಲ. ಅಜ್ಜ ಒಪ್ಪದಿದ್ದರೆ ಅವಳು ಸುಮ್ಮನಾಗುವುದೂ ಇಲ್ಲ. ‘ಬೆಣ್ಣೆ ಜಾಸ್ತಿ ಹಾಕಿದ್ರೆ ದೋಸೆ ಚಲೋ ಆಗುತ್ತೇನಜ್ಜ? ಹಿಟ್ಟು ಹುಳಿ ಬಂದಿರಲಿಲ್ಲ, ಅದಕ್ಕೇ ಸಪ್ಪೆ’ ಎಂದು ಕಾರಣ ಮುಂದಿಡುತ್ತಾಳೆ.

ಇದು ಸಣ್ಣ ವಿದ್ಯೆಯಲ್ಲ. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುವುದು, ಎಲ್ಲಿ ಕೆಟ್ಟಿತು ಎಂದು ಬೆರಳಿಟ್ಟು ತೋರಿಸುವುದು, ತನಗಿಂತ ಹಿರಿಯರು ಬೇರೆ ಹೇಳಿದರೂ ತನ್ನ ನಾಲಿಗೆಯನ್ನು ನಂಬುವುದು. ವಿಮರ್ಶಕರೆನಿಸಿಕೊಂಡವರು ಮಾಡುವುದೂ ಇಷ್ಟೇ. ಆದರೆ ಅದೇ ಹುಡುಗಿಯ ಮುಂದೆ ಪಠ್ಯಪುಸ್ತಕ ತೆರೆದು, ಪಾಠದ ಕೊನೆಯಲ್ಲಿರುವ ‘ಈ ಪದ್ಯದ ಬಗ್ಗೆ ನಿಮ್ಮ ಅಭಿಪ್ರಾಯವೇನು?’ ಎಂಬ ಪ್ರಶ್ನೆ ಕೇಳಿ. ಆಕೆಯ ಕೈ ಗೈಡಿನ ಕಡೆ ಹೋಗುತ್ತದೆ. ‘ನಿಮ್ಮ’ ಅಭಿಪ್ರಾಯ ಎಂದು ಕೇಳಿದ್ದಕ್ಕೆ ಗೈಡಿನವರ ಅಭಿಪ್ರಾಯ ಬರೆದು, ಅಕ್ಷರ ತಪ್ಪಿಲ್ಲದಂತೆ ಬಾಯಿಪಾಠ ಮಾಡಿ, ಅಂಕ ತರುವುದು ರೂಢಿ. ಚಟ್ನಿಯ ಮುಂದೆ ಅಷ್ಟು ಜೋರಾಗಿದ್ದ ನಾಲಿಗೆ ಪದ್ಯದ ಮುಂದೆ ಏಕೆ ಒಣಗುತ್ತದೆ?

ಉತ್ತರ ಹುಡುಕುವ ಮುನ್ನ ಈ ಸೀಮೆಯ ರುಚಿಯ ಕಡೆ ಸ್ವಲ್ಪ ನೋಡಬೇಕು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ ತಾಲ್ಲೂಕಾದದ್ದು 2018ರಲ್ಲಿ. ಜಿಲ್ಲೆ ಒಂದಾದ ಮಾತ್ರಕ್ಕೆ ಬಾಯಿ ಒಂದಾಗುತ್ತದೆಯೇ? ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ, ಭದ್ರಾ ನಾಲೆಯ ನೀರು ಗದ್ದೆಗಳಿಗೆ ಬರುತ್ತದೆ. ಅಲ್ಲಿಯವರಿಗೆ ಊಟವೆಂದರೆ ಅನ್ನ, ಅದೂ ಉದುರಾಗಿರಬೇಕೋ ಮೆತ್ತಗಿರಬೇಕೋ ಎಂಬುದು ಮನೆಮನೆಯ ಜಗಳ. ಅಡಿಕೆ ತೋಟಗಳ ಚನ್ನಗಿರಿಯಲ್ಲಿ ಊಟ ಚೆನ್ನಾಗಿತ್ತೋ ಇಲ್ಲವೋ ಎಂಬ ಚರ್ಚೆ ಎಲೆ-ಅಡಿಕೆ ಬಾಯಿಗೆ ಬೀಳುವವರೆಗೆ ಮುಗಿಯುವುದಿಲ್ಲ. ಬಹುಪಾಲು ಮಳೆಯನ್ನೇ ನಂಬಿದ ಜಗಳೂರಿನ ಕಡೆ ಬಂದರೆ ಜೋಳದ ರೊಟ್ಟಿ, ರಾಗಿ ಮುದ್ದೆ. ರೊಟ್ಟಿಯ ಜೊತೆ ಹುಚ್ಚೆಳ್ಳು ಚಟ್ನಿಯೋ ಶೇಂಗಾ ಚಟ್ನಿಯೋ ಎಂದು ಅಲ್ಲಿ ಎರಡು ಪಕ್ಷ. ಮಲೆನಾಡಿಗೂ ಬಯಲುಸೀಮೆಗೂ ನಡುವಿನ ವ್ಯಾಪಾರದ ಊರಾಗಿದ್ದ ನ್ಯಾಮತಿಗೆ ಎರಡೂ ಕಡೆಯ ರುಚಿ ಗೊತ್ತು.

ನಾಲ್ಕೂ ಕಡೆಯವರನ್ನು ಒಂದೇ ಬೆಂಚಿನ ಮೇಲೆ ಕೂರಿಸುವುದು ಮಂಡಕ್ಕಿ-ಮೆಣಸಿನಕಾಯಿ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳದೇ ಒಂದು ಬಡಾವಣೆ ಇದೆ. ಬೆಣ್ಣೆ ದೋಸೆಯ ಹಿಟ್ಟಿಗೂ ಅಕ್ಕಿ, ಉದ್ದಿನ ಬೇಳೆಯ ಜೊತೆ ಮಂಡಕ್ಕಿ ಸೇರಿಸಿ ರುಬ್ಬುತ್ತಾರೆ. ದೋಸೆ ಹೊರಗೆ ಗರಿ, ಒಳಗೆ ಮೆತ್ತಗೆ ಆಗುವುದರಲ್ಲಿ ಅದರ ಪಾಲೂ ಇದೆ. ಈ ದೋಸೆಯ ಹುಟ್ಟಿನ ಕಥೆಯೂ ಸೊಗಸಾಗಿದೆ. ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ಹೆಣ್ಣುಮಗಳು 1928ರ ಸುಮಾರಿಗೆ ದಾವಣಗೆರೆಯ ನಾಟಕದ ಥಿಯೇಟರಿನ ಬಳಿ ರಾಗಿ ದೋಸೆ ಹುಯ್ದು ಮಾರತೊಡಗಿದರು, ಆಮೇಲೆ ಮಕ್ಕಳ ಕೈಯಲ್ಲಿ ಅದು ಅಕ್ಕಿಯ ಬೆಣ್ಣೆ ದೋಸೆಯಾಯಿತು ಎಂದು ಊರಿನವರು ಹೇಳುತ್ತಾರೆ. ನಾಟಕ ನೋಡಿ ಬಂದವರು ದೋಸೆ ತಿಂದರು. ಅಂದರೆ ದೋಸೆಯ ಬಗ್ಗೆ ಮಾತು, ನಾಟಕದ ಬಗ್ಗೆ ಮಾತು ಎರಡೂ ಒಂದೇ ಜಗುಲಿಯಲ್ಲಿ ನಡೆದಿರಲೇಬೇಕು. ಹಾರ್ಮೋನಿಯಂ ಶ್ರುತಿ ಸೇರಲಿಲ್ಲ ಎಂದವನೇ ಚಟ್ನಿಗೆ ಉಪ್ಪು ಸಾಲದು ಎಂದೂ ಹೇಳಿದ್ದಾನು.

ಆ ಎರಡು ಮಾತುಗಳು ಇಂದಿನ ಮಕ್ಕಳ ಮಟ್ಟಿಗೆ ಬೇರೆ ಬೇರೆಯಾಗಿವೆ. ತಿಂಡಿಯ ವಿಚಾರದಲ್ಲಿ ಮಗು ಏನು ಹೇಳಿದರೂ ಮನೆಯಲ್ಲಿ ನಗುತ್ತಾರೆ, ಇಲ್ಲವೇ ವಾದಿಸುತ್ತಾರೆ. ಪುಸ್ತಕದ ವಿಚಾರ ಬಂದಾಗ ಮಾತ್ರ ‘ದೊಡ್ಡವರು ಬರೆದದ್ದು, ನಿನಗೇನು ಗೊತ್ತು?’ ಎನ್ನುತ್ತಾರೆ. ಪಾಠದಲ್ಲಿರುವ ಕವಿತೆ ಚೆನ್ನಾಗಿಲ್ಲ ಎಂದು ಒಬ್ಬ ಹುಡುಗ ಬಾಯಿ ತೆರೆದು ಹೇಳಿದರೆ ಅದು ಉದ್ಧಟತನ. ಚೆನ್ನಾಗಿದೆ ಎಂದರೂ ಏಕೆ ಎಂದು ಕೇಳುವವರಿಲ್ಲ. ತಪ್ಪಾದರೆ ಅಂಕ ಹೋಗುತ್ತದೆ ಎಂಬ ಭಯ ತಂದೆತಾಯಿಗೂ ಇದೆ, ಅದು ಸುಳ್ಳು ಭಯವೂ ಅಲ್ಲ. ಹೀಗಾಗಿ ಹತ್ತು ವರ್ಷ ಶಾಲೆಯಲ್ಲಿ ಕಲಿತ ಹುಡುಗ ಕಾಲೇಜಿನ ಸಂದರ್ಶನದಲ್ಲಿ ‘ಇತ್ತೀಚೆಗೆ ಓದಿದ ಪುಸ್ತಕ ಯಾವುದು? ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು ಸಾರ್’ ಎಂದು ನಿಲ್ಲುತ್ತಾನೆ. ಮುಂದಿನ ಮಾತಿಲ್ಲ. ಮೊಬೈಲಿನಲ್ಲಿ ಐದಕ್ಕೆ ನಾಲ್ಕು ನಕ್ಷತ್ರ ಒತ್ತುವ ಅಭ್ಯಾಸವೂ ಇದಕ್ಕೆ ಮದ್ದಲ್ಲ. ನಕ್ಷತ್ರ ಕಾರಣ ಕೇಳುವುದಿಲ್ಲ.

ದೊಡ್ಡವರು ಮಾಡಿದ್ದನ್ನು ಒಪ್ಪದಿರುವುದು ಉದ್ಧಟತನ ಎನ್ನುವವರಿಗೆ ಹೊನ್ನಾಳಿಯಿಂದ ಹರಿಹರಕ್ಕೆ ಹೋಗುವ ಹಾದಿಯಲ್ಲೇ ಒಂದು ಉತ್ತರ ಸಿಗುತ್ತದೆ. ಆ ಹಾದಿಯ ಮಲೇಬೆನ್ನೂರಿನಲ್ಲಿ 1920ರಲ್ಲಿ ಹುಟ್ಟಿದವರು ಕಾದಂಬರಿಕಾರ ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಚಿತ್ರ ತೆಗೆದರು. ಚಿತ್ರದುರ್ಗದ ಬಂಡೆಗಳ ನಡುವೆ ವಿಷ್ಣುವರ್ಧನ್ ರಾಮಾಚಾರಿಯಾದರು, ಅಶ್ವಥ್ ಚಾಮಯ್ಯ ಮೇಷ್ಟರಾದರು. ನಾಡಿಗೆ ನಾಡೇ ಮೆಚ್ಚಿತು. ಮೆಚ್ಚದವರು ಒಬ್ಬರಿದ್ದರು. ಅವರೇ ತ.ರಾ.ಸು! ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ಅವರು ಬೇಸರಪಟ್ಟರಂತೆ ಎಂಬ ಮಾತು ಕನ್ನಡ ಚಿತ್ರರಸಿಕರ ನಡುವೆ ಇಂದಿಗೂ ಓಡಾಡುತ್ತದೆ.

ಈಗ ಯಾರು ಸರಿ? ಕಾದಂಬರಿ ಓದಿ ಆಮೇಲೆ ಚಿತ್ರ ನೋಡಿದ ಪಿಯುಸಿ ಹುಡುಗ ಇಬ್ಬರಲ್ಲಿ ಯಾರ ಪಕ್ಷವನ್ನಾದರೂ ಹಿಡಿಯಬಹುದು. ಕಾದಂಬರಿಯ ರಾಮಾಚಾರಿಯ ಒರಟು ಚಿತ್ರದಲ್ಲಿ ಕರಗಿತು ಎನ್ನಬಹುದು. ಇಲ್ಲ, ಚಾಮಯ್ಯ ಮೇಷ್ಟರ ಮುಖ ತೆರೆಯ ಮೇಲೆ ನೋಡಿದಾಗಲೇ ಗುರು-ಶಿಷ್ಯರ ಸಂಬಂಧ ಅರ್ಥವಾಯಿತು ಎನ್ನಬಹುದು. ಎರಡಕ್ಕೂ ಕಾರಣ ಉಂಟು. ಬೇಕಾದದ್ದು ಪುಟ ತಿರುವಿ, ದೃಶ್ಯ ನೆನೆದು, ಇಂಥ ಕಡೆ ಹೀಗಿತ್ತು ಎಂದು ತೋರಿಸುವುದು. ಮನೆಯಲ್ಲಿ ಅಪ್ಪನಿಗೆ ಚಿತ್ರವೇ ಪ್ರಾಣ, ಮಗಳಿಗೆ ಪುಸ್ತಕವೇ ಮೇಲು ಎಂದಾದರೆ ಇನ್ನೂ ಒಳ್ಳೆಯದು. ರಾತ್ರಿ ಊಟಕ್ಕೆ ಒಂದು ಗಂಟೆ ಜಾಸ್ತಿ ಹಿಡಿದೀತು, ಅಷ್ಟೇ.

ಸಣ್ಣ ತರಗತಿಯವರಿಗೆ ‘ಚಿನ್ನಾರಿ ಮುತ್ತ’ ಸಾಕು. ಟಿ.ಎಸ್. ನಾಗಾಭರಣ ನಿರ್ದೇಶಿಸಿದ ಆ ಚಿತ್ರ 1993ರದು. ಸಂಗೀತ ಸಿ. ಅಶ್ವತ್ಥ್ ಅವರದು, ಹಾಡುಗಳು ಎಚ್.ಎಸ್. ವೆಂಕಟೇಶಮೂರ್ತಿಯವರವು. ಎಚ್ಚೆಸ್ವಿ ಚನ್ನಗಿರಿ ತಾಲ್ಲೂಕಿನ ಹೋದಿಗೆರೆಯವರು. ಶಿವಾಜಿಯ ತಂದೆ ಷಹಾಜಿ ಭೋಸಲೆ 1664ರಲ್ಲಿ ಕೊನೆಯುಸಿರೆಳೆದ ಊರೆಂದು ಚರಿತ್ರೆಯ ಪುಸ್ತಕ ಹೋದಿಗೆರೆಯನ್ನು ನೆನೆಯುತ್ತದೆ, ಸಮಾಧಿಯೂ ಅಲ್ಲಿದೆ. ಆದರೆ ಕನ್ನಡದ ಮಕ್ಕಳಿಗೆ ಆ ಊರು ಹತ್ತಿರವಾಗಬೇಕಾದದ್ದು 1944ರಲ್ಲಿ ಅಲ್ಲಿ ಹುಟ್ಟಿದ ಈ ಕವಿಯಿಂದ. ಮಲ್ಲಾಡಿಹಳ್ಳಿಯಲ್ಲಿ ಮೇಷ್ಟರಾಗಿದ್ದು ಆಮೇಲೆ ಬೆಂಗಳೂರು ಸೇರಿದ ಅವರು 2020ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, 2025ರ ಮೇ ತಿಂಗಳಲ್ಲಿ ತೀರಿಕೊಂಡರು. ಮಕ್ಕಳ ಹಾಡು, ಭಾವಗೀತೆ, ನಾಟಕ, ಧಾರಾವಾಹಿಯ ಶೀರ್ಷಿಕೆ ಗೀತೆ ಎಲ್ಲಕ್ಕೂ ಕೈಹಾಕಿದವರು.

‘ಚಿನ್ನಾರಿ ಮುತ್ತ’ನ ಮೂಲ ಇಟಲಿಯ ಕೊಲ್ಲೋಡಿ ಬರೆದ ಮರದ ಗೊಂಬೆ ಪಿನೋಕಿಯೋನ ಕಥೆ. ವಾಲ್ಟ್ ಡಿಸ್ನಿಯ ಕಾರ್ಟೂನ್ ಚಿತ್ರ 1940ರಲ್ಲೇ ಬಂದಿತ್ತು. ಎರಡನ್ನೂ ತೋರಿಸಿ, ಯಾವ ಗೊಂಬೆ ಹೆಚ್ಚು ನಿಜವೆನಿಸಿತು ಎಂದು ಐದನೇ ತರಗತಿಯವನನ್ನು ಕೇಳಿ ನೋಡಿ. ಸುಳ್ಳು ಹೇಳಿದರೆ ಮೂಗು ಬೆಳೆಯುತ್ತದೆ ಎಂಬ ನೀತಿ ಅವನಿಗೆ ಮುಖ್ಯವೆನಿಸದೆ ಇರಬಹುದು. ಹಾಡಿನ ತಾಳ ಇಷ್ಟವಾಯಿತು ಎಂದಾನು, ಅಥವಾ ಬೊಂಬೆ ಬೊಂಬೆಯಾಗಿಯೇ ಇದ್ದಿದ್ದರೆ ಚೆಂದವಿತ್ತು ಎಂದಾನು. ಆಗ ಹಿರಿಯರು ನೀತಿಪಾಠಕ್ಕೆ ಎಳೆಯದೆ ಬಾಯಿ ಮುಚ್ಚಿಕೊಂಡು ಕೇಳಬೇಕು. ಇದು ಹೇಳಿದಷ್ಟು ಸುಲಭವಲ್ಲ ಎಂಬುದು ಮಕ್ಕಳಿರುವ ಎಲ್ಲರಿಗೂ ಗೊತ್ತು.

ಸಂಗೀತದ ವಿಷಯದಲ್ಲಿ ಅಭಿಪ್ರಾಯ ಹೇಳಲು ಮಕ್ಕಳಿಗೆ ಇನ್ನೂ ಅಳುಕು. ರಾಗ ಗೊತ್ತಿಲ್ಲದೆ ಮಾತಾಡಬಾರದು ಎಂಬ ನಂಬಿಕೆ. ದಾವಣಗೆರೆಯ ಚಿಂದೋಡಿ ಮನೆತನ ನಾಟಕಕ್ಕೆ ಹೆಸರಾದದ್ದು. ‘ಪೊಲೀಸನ ಮಗಳು’ ನಾಟಕದಿಂದ ಮನೆಮಾತಾದ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ಅದೇ ಮನೆತನದ ಚಿಂದೋಡಿ ಬಂಗಾರೇಶ್ ನಿರ್ದೇಶನದಲ್ಲಿ ಗದುಗಿನ ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಚಿತ್ರ 1995ರಲ್ಲಿ ಬಂದಾಗ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯನಕ್ಕೆ, ಹಂಸಲೇಖ ಅವರಿಗೆ ಸಂಗೀತ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು. ಶಾಸ್ತ್ರೀಯವಾಗಿ ಕಲಿಯದ ಸಿನಿಮಾ ಗಾಯಕ ಹಿಂದೂಸ್ತಾನಿ ಗವಾಯಿಯ ಕಂಠವಾದರು! ಮಠದ ಜಗುಲಿಯಲ್ಲಿ ರಾತ್ರಿಯಿಡೀ ಗವಾಯಿಗಳನ್ನು ಕೇಳಿದ ಅಜ್ಜನೊಬ್ಬ ‘ಆ ಗಟ್ಟಿ ದನಿಯೇ ಬೇರೆ’ ಎಂದರೆ ಅವನ ಮಾತಿಗೂ ತೂಕವಿದೆ. ಮೊದಲ ಸಲ ಇಂಥ ಸಂಗೀತವನ್ನು ಚಿತ್ರದಲ್ಲೇ ಕೇಳಿ ಮೈ ಜುಂ ಎಂದ ಮೊಮ್ಮಗಳ ಮಾತಿಗೂ ತೂಕವಿದೆ. ಪ್ರಶಸ್ತಿ ಬಂದಿದೆ ಎಂಬುದು ಇಬ್ಬರ ವಾದಕ್ಕೂ ಕಾರಣವಾಗುವುದಿಲ್ಲ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರಿಗೆ ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರುವರಿಯ ಜಯಂತಿಗೆ ಮಾಲೆ ಧರಿಸಿದವರು ದೂರದೂರದಿಂದ ಅಲ್ಲಿಗೆ ಬರುತ್ತಾರೆ. ತಾಂಡಾದ ಹುಡುಗಿಗೆ ಅಜ್ಜಿಯಿಂದ ಬಂದ ಹಾಡುಗಳು ಎಷ್ಟೋ ಬರುತ್ತವೆ. ಯಾರ ದನಿ ಚೆಂದ, ಯಾವ ಹಾಡು ಮದುವೆಗೆ ಸರಿ, ಯಾವುದಕ್ಕೆ ಹೆಜ್ಜೆ ಕೂಡುವುದಿಲ್ಲ ಎಂಬುದೂ ಗೊತ್ತು. ಶಾಲೆಯಲ್ಲಿ ‘ನಿನ್ನ ಮೆಚ್ಚಿನ ಸಂಗೀತ’ ಎಂದು ಪ್ರಬಂಧ ಬರೆಯಲು ಹೇಳಿದರೆ ಆಕೆ ಇದರಲ್ಲಿ ಒಂದಕ್ಷರವನ್ನೂ ಬರೆಯುವುದಿಲ್ಲ. ಮನೆಯ ಹಾಡು ‘ಸಂಗೀತ’ದ ಲೆಕ್ಕಕ್ಕೆ ಬಾರದು ಎಂದು ಯಾರೂ ಬಾಯಿಬಿಟ್ಟು ಹೇಳದೆಯೇ ಕಲಿತಿದ್ದಾಳೆ. ನಷ್ಟ ಅವಳದೊಬ್ಬಳದೇ ಅಲ್ಲ, ತರಗತಿಯದೂ ಹೌದು.

ಪುಸ್ತಕಕ್ಕೆ ದುಡ್ಡೆಲ್ಲಿ ಎನ್ನುವ ಪಾಲಕರಿಗೆ ಒಂದು ಮಾತು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಮಗು ತಂದ ಪುಸ್ತಕವನ್ನು ಅಮ್ಮನೂ ಓದಿದರೆ ಮಾತಿಗೆ ದಾರಿಯಾಗುತ್ತದೆ. ಓದು ಬಾರದ ಅಮ್ಮನಾದರೆ ಮಗಳಿಂದ ಕಥೆ ಹೇಳಿಸಿಕೊಳ್ಳಲಿ. ‘ಆಮೇಲೇನಾಯ್ತು?’ ಎಂದು ಎಲ್ಲಿ ಕೇಳಬೇಕೆನಿಸಿತು, ಎಲ್ಲಿ ಆಕಳಿಕೆ ಬಂತು ಎಂಬುದಕ್ಕಿಂತ ದೊಡ್ಡ ವಿಮರ್ಶೆ ಕಥೆಗೆ ಬೇಕಿಲ್ಲ. ‘ಚೆನ್ನಾಗಿದೆಯಾ?’ ಎಂದು ಕೇಳುವುದನ್ನು ಬಿಟ್ಟು ‘ಯಾವ ಜಾಗ ಇಷ್ಟವಾಯ್ತು, ಯಾವುದು ಬೇಜಾರಾಯ್ತು?’ ಎಂದು ಕೇಳಿದರೆ ಸಾಕು, ಬಸ್ಸಿನಲ್ಲಿ ದೋಸೆಯ ಬಗ್ಗೆ ಮಾತಾಡಿದ ಅದೇ ನಾಲಿಗೆ ಸಡಿಲವಾಗುತ್ತದೆ. ಅಂಕದ ಚಿಂತೆ ಇದ್ದರೆ ಗೈಡಿನ ಉತ್ತರವನ್ನೂ ಓದಿಕೊಳ್ಳಲಿ, ಪಕ್ಕದಲ್ಲಿ ತನ್ನದೊಂದು ಸಾಲು ಪೆನ್ಸಿಲಿನಲ್ಲಿ ಬರೆಯಲಿ. ಒಂದೇ ಗೈಡಿನ ಒಂದೇ ಉತ್ತರವನ್ನು ನೂರು ಸಲ ಓದಿದ ಮೌಲ್ಯಮಾಪಕರಿಗೆ ಬೇರೆ ಮಾತಿನ ಒಂದು ಸಾಲು ಸಿಕ್ಕರೆ ಖುಷಿಯೇ ಆದೀತು.

ಜಗಳೂರಿನ ಕಡೆಯ ಮಕ್ಕಳು ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದರೆ, ಹೆಚ್ಚು ದೂರವಿಲ್ಲದ ಕೊಟ್ಟೂರಿನ ಕುಂ. ವೀರಭದ್ರಪ್ಪನವರಿಂದ ಆಗಬಹುದು. ಅವರ ಕಥೆಯಿಂದ ನಾಗತಿಹಳ್ಳಿ ಚಂದ್ರಶೇಖರ್ 1994ರಲ್ಲಿ ‘ಕೊಟ್ರೇಶಿ ಕನಸು’ ಚಿತ್ರ ಮಾಡಿದರು. ಮುಂದೆ ಓದಬೇಕೆಂದು ಹಂಬಲಿಸುವ ದಲಿತ ಹುಡುಗನೊಬ್ಬನ ಮುಂದೆ ಊರು ಹೇಗೆ ಅಡ್ಡ ನಿಲ್ಲುತ್ತದೆ ಎಂಬುದು ಅದರ ಕಥೆ. ಕೊಟ್ರೇಶಿಯಾದ ವಿಜಯ ರಾಘವೇಂದ್ರನಿಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಒಂದು ವರ್ಷ ಮುಂಚೆ ‘ಚಿನ್ನಾರಿ ಮುತ್ತ’ನಾಗಿದ್ದವನೂ ಅವನೇ. ಸಿನಿಮಾದವರು ಹಳ್ಳಿಯ ಮಾತು ಆಡಿಸಿದಾಗ ಅದು ನಿಜವಾದ ಹಳ್ಳಿಯ ಮಾತೋ ಸ್ಟುಡಿಯೋದ ಮಾತೋ ಎಂದು ಹೇಳಲು ಜಗಳೂರಿನ ಹುಡುಗನಿಗಿಂತ ಅರ್ಹರು ಬೆಂಗಳೂರಿನಲ್ಲಿ ಯಾರಿದ್ದಾರೆ? ಊರಿನ ಗೌಡರು, ಮೇಷ್ಟರು, ಹುಡುಗನ ಅಪ್ಪ ಮಾತಾಡುವುದನ್ನು ಅವನು ಕೇಳಲಿ. ಎಲ್ಲಿ ‘ಹೌದು, ಹಿಂಗೇ ಅಂತಾರೆ’ ಎನಿಸಿತು, ಎಲ್ಲಿ ‘ಹಿಂಗ್ಯಾರೂ ಅನ್ನಲ್ಲ’ ಎನಿಸಿತು ಎಂದು ಒಂದು ಹಾಳೆಯ ಮೇಲೆ ಗುರುತು ಹಾಕಿಕೊಂಡು, ಮರುದಿನ ತರಗತಿಯಲ್ಲಿ ಎದ್ದು ನಿಂತು ಓದಲಿ.