ಹೊಗೆಯಿಲ್ಲದ ಅಡುಗೆಮನೆ: ಒಲೆಯ ಆಯ್ಕೆ ಮತ್ತು ಪಾಲನೆ

ಕುಟುಂಬದ ಆರೋಗ್ಯವನ್ನು ಕಾಪಾಡುವುದೆಂದರೆ ರೋಗ ಬಂದಾಗ ಔಷಧಿಯನ್ನು ತರುವುದಷ್ಟೇ ಅಲ್ಲ. ರೋಗಕ್ಕೆ ಕಾರಣವಾಗುವ ಸಂಗತಿಗಳನ್ನು ಮನೆಯಿಂದ ದೂರವಿಡುವುದೂ ಅದರ ಮುಖ್ಯ ಅಂಗವಾಗಿದೆ. ಕುಡಿಯುವ ನೀರು, ಶೌಚಾಲಯ, ಮಕ್ಕಳ ಲಸಿಕೆ ಇವುಗಳ ವಿಷಯದಲ್ಲಿ ನಮ್ಮ ಗ್ರಾಮಗಳಲ್ಲಿ ಸಾಕಷ್ಟು ತಿಳಿವಳಿಕೆ ಮೂಡಿದೆ. ಆದರೆ ದಿನಕ್ಕೆರಡು ಹೊತ್ತು ಮನೆಯೊಳಗೆ ತುಂಬಿಕೊಳ್ಳುವ ಒಲೆಯ ಹೊಗೆಯನ್ನು ಮಾತ್ರ ಅನೇಕರು ಇಂದಿಗೂ ಸಹಜವೆಂದೇ ಭಾವಿಸುತ್ತಾರೆ.

ಯಶವಂತನಗರ, ಭುಜಂಗನಗರ, ತಾರಾನಗರ ಮೊದಲಾದ ಸಂಡೂರು ತಾಲ್ಲೂಕಿನ ಗ್ರಾಮಗಳವರಿಗೆ ಬೆಟ್ಟಸಾಲಿನ ಅದಿರು ಗಣಿಗಳ ಕೆಂಧೂಳು ಚೆನ್ನಾಗಿ ಪರಿಚಿತವಾದುದು. ಆ ಧೂಳಿನಿಂದ ಕೆಮ್ಮು ಬರುತ್ತದೆಂದು ಎಲ್ಲರೂ ಒಪ್ಪುತ್ತಾರೆ. ಅಡುಗೆಮನೆಯ ಹೊಗೆಯು ಅದಕ್ಕಿಂತಲೂ ಸಮೀಪದಲ್ಲಿದ್ದು, ಗೃಹಿಣಿಯ ಮತ್ತು ಆಕೆಯ ಮಡಿಲಿನಲ್ಲಿರುವ ಮಗುವಿನ ಎದೆಗೂಡನ್ನು ನೇರವಾಗಿ ಸೇರುತ್ತದೆ ಎಂಬುದನ್ನು ಮಾತ್ರ ಮರೆಯುತ್ತಾರೆ. ಈ ಹೊಗೆಯಿಂದ ಆಗುವ ಹಾನಿ, ಅದನ್ನು ಕಡಿಮೆ ಮಾಡುವ ಒಲೆಗಳು ಮತ್ತು ಅಂತಹ ಒಲೆಯನ್ನು ಸುಸ್ಥಿತಿಯಲ್ಲಿಡುವ ವಿಧಾನಗಳನ್ನು ಇಲ್ಲಿ ವಿವರಿಸಲಾಗಿದೆ.

ಹೊಗೆಯಲ್ಲಿ ಏನಿದೆ?

ಕಟ್ಟಿಗೆಯು ಪೂರ್ಣವಾಗಿ ಉರಿದರೆ ಉಳಿಯುವುದು ಶಾಖ, ನೀರಾವಿ, ಇಂಗಾಲದ ಡೈಆಕ್ಸೈಡ್ ಅನಿಲ ಮತ್ತು ಬೂದಿ ಮಾತ್ರ. ಗಾಳಿ ಸಾಲದಿದ್ದರೆ ಅಥವಾ ಕಟ್ಟಿಗೆ ಹಸಿಯಾಗಿದ್ದರೆ ಅದು ಅರೆಬರೆ ಉರಿಯುತ್ತದೆ. ಹೀಗೆ ಉರಿಯದೆ ಉಳಿದ ಭಾಗವೇ ಹೊಗೆ. ಆದ್ದರಿಂದ ಹೊಗೆಯೆಂಬುದು ರೋಗದ ಮೂಲವಷ್ಟೇ ಅಲ್ಲ, ವ್ಯರ್ಥವಾಗಿ ಹೋದ ಉರುವಲೂ ಆಗಿದೆ.

ಹೊಗೆಯಲ್ಲಿ ಎರಡು ಪದಾರ್ಥಗಳು ವಿಶೇಷವಾಗಿ ಅಪಾಯಕಾರಿ. ಮೊದಲನೆಯದು, ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಭಾಗಕ್ಕಿಂತಲೂ ಸಣ್ಣದಾದ ಮಸಿಯ ಕಣಗಳು. ಮೂಗಿನ ಕೂದಲಾಗಲೀ ಗಂಟಲಿನ ಕಫವಾಗಲೀ ಇವುಗಳನ್ನು ತಡೆಯಲಾರವು. ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಎರಡನೆಯದು, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ನಮ್ಮ ರಕ್ತವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಅಧಿಕವಾದ ಬಲದಿಂದ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಅದರಿಂದ ದೇಹದ ಅಂಗಗಳಿಗೆ ದೊರೆಯಬೇಕಾದ ಆಮ್ಲಜನಕ ಕಡಿಮೆಯಾಗುತ್ತದೆ.

ಯಾರಿಗೆ ಹೆಚ್ಚು ಹಾನಿ?

ಗರ್ಭಿಣಿಯರು: ಗರ್ಭದಲ್ಲಿರುವ ಶಿಶುವಿಗೆ ತಾಯಿಯ ರಕ್ತವೇ ಆಮ್ಲಜನಕದ ಏಕೈಕ ಮೂಲ. ಹೊಗೆಯಲ್ಲಿ ದುಡಿಯುವ ತಾಯಂದಿರಲ್ಲಿ ಕಡಿಮೆ ತೂಕದ ಶಿಶುವಿನ ಜನನ ಮತ್ತು ಮೃತಶಿಶು ಜನನದ ಸಂಭವ ಹೆಚ್ಚು. ತಾಯಿಗೆ ರಕ್ತಹೀನತೆಯೂ ಇದ್ದಲ್ಲಿ ಈ ಕೊರತೆ ಇಮ್ಮಡಿಯಾಗುತ್ತದೆ.

ಐದು ವರ್ಷದೊಳಗಿನ ಮಕ್ಕಳು: ಹೊಗೆ ತುಂಬಿದ ಮನೆಯಲ್ಲಿ ಬೆಳೆಯುವ ಮಗುವಿಗೆ ನ್ಯುಮೋನಿಯಾ ತಗಲುವ ಸಂಭವ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, 2020ರಲ್ಲಿ ಮನೆಯೊಳಗಿನ ಹೊಗೆಯ ಕಾರಣದಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಮೃತಪಟ್ಟರು. ಅವರಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಐದು ವರ್ಷದೊಳಗಿನ ಮಕ್ಕಳಿದ್ದರು.

ಗೃಹಿಣಿಯರು: ಅನೇಕ ವರ್ಷಗಳ ಕಾಲ ಹೊಗೆಯಲ್ಲಿ ಅಡುಗೆ ಮಾಡಿದವರಲ್ಲಿ ದೀರ್ಘಕಾಲದ ಕೆಮ್ಮು, ಏದುಸಿರು ಮತ್ತು ಕಣ್ಣಿನ ಪೊರೆ ಹೆಚ್ಚಾಗಿ ಕಂಡುಬರುತ್ತವೆ. ಬೀಡಿಯನ್ನು ಎಂದೂ ಮುಟ್ಟದ ಹೆಂಗಸಿಗೆ ಬೀಡಿ ಸೇದುವವರ ಶ್ವಾಸಕೋಶದ ಕಾಯಿಲೆ ಬರಲು ಒಲೆಯ ಹೊಗೆಯೇ ಒಂದು ಮುಖ್ಯ ಕಾರಣ.

ಬಾಣಂತಿ ಕೋಣೆಯ ಬಗ್ಗೆ ವಿಶೇಷ ಎಚ್ಚರಿಕೆ

ಬಾಣಂತಿಗೂ ಹಸುಗೂಸಿಗೂ ಬೆಚ್ಚಗಿರಲೆಂದು ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಿಡುವ, ಮಗುವಿಗೆ ಲೋಬಾನದ ಹೊಗೆ ಹಿಡಿಯುವ ಪದ್ಧತಿ ಹಲವೆಡೆ ಇದೆ. ಕೆಂಡದಿಂದ ಕಣ್ಣಿಗೆ ಕಾಣುವ ಹೊಗೆ ಬಾರದಿದ್ದರೂ ವಿಷಾನಿಲವು ಧಾರಾಳವಾಗಿ ಬರುತ್ತದೆ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದು ನಿದ್ರೆಯಲ್ಲಿಯೇ ಪ್ರಾಣವನ್ನು ತೆಗೆಯಬಲ್ಲದು. ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಗಲುವಂತೆ ಮಲಗಿಸಿ, ತಲೆಗೆ ಕುಲಾವಿ ಹಾಕಿ, ಮೇಲೆ ಬೆಚ್ಚನೆಯ ಬಟ್ಟೆ ಹೊದಿಸುವುದು ಕೆಂಡಕ್ಕಿಂತ ಮೇಲಾದ, ಅಪಾಯವಿಲ್ಲದ ಉಪಾಯ.

ಯಾವ ಒಲೆ ಯಾರಿಗೆ?

ಅಡುಗೆ ಅನಿಲ ಮತ್ತು ಗೋಬರ್ ಅನಿಲ: ಆರೋಗ್ಯದ ದೃಷ್ಟಿಯಿಂದ ಇವೇ ಉತ್ತಮ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯ ಮೂಲಕ ಬಡ ಕುಟುಂಬಗಳಿಗೂ ಅನಿಲ ಸಂಪರ್ಕ ದೊರೆತಿದೆ. ನಾಲ್ಕೈದು ದನಗಳಿರುವ ಕುಟುಂಬದವರು ಗೋಬರ್ ಅನಿಲ ಸ್ಥಾವರವನ್ನು ಕಟ್ಟಿಸಿಕೊಳ್ಳಬಹುದು. ಆದರೆ ಸಿಲಿಂಡರಿನ ಬೆಲೆಯನ್ನು ನೆನೆದು, ಅನ್ನ ಸಾರಿಗೆ ಅನಿಲ, ರೊಟ್ಟಿಗೂ ಸ್ನಾನದ ನೀರಿಗೂ ಕಟ್ಟಿಗೆ ಎಂದು ಎರಡನ್ನೂ ಬಳಸುವ ಮನೆಗಳು ಬಹಳ. ಅಂತಹ ಮನೆಗಳು ಕಟ್ಟಿಗೆಯ ಒಲೆಯನ್ನಾದರೂ ಸುಧಾರಿಸಿಕೊಳ್ಳುವುದು ಅವಶ್ಯಕ.

ಹೊಗೆಕೊಳವೆಯುಳ್ಳ ಸ್ಥಿರ ಒಲೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ವಿಭಾಗವು ಸ್ಥಾಪಿತವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಕ್ಷೇತ್ರ ಕೇಂದ್ರವಿತ್ತು. ಅಲ್ಲಿನ ವಿಜ್ಞಾನಿಗಳು ರೂಪಿಸಿದ ಮೂರು ಪಾತ್ರೆಗಳ ‘ಅಸ್ತ್ರ ಒಲೆ’ಯು 1980ರ ದಶಕದಲ್ಲಿ ಕರ್ನಾಟಕದ ಗ್ರಾಮಗಳಲ್ಲಿ ಪ್ರಚಾರಕ್ಕೆ ಬಂದಿತು. ಮೂರು ಕಲ್ಲಿನ ಒಲೆಯಲ್ಲಿ ಉರಿಯ ಶಾಖದ ಹತ್ತರಲ್ಲೊಂದು ಭಾಗದಷ್ಟು ಮಾತ್ರ ಪಾತ್ರೆಗೆ ತಲಪುತ್ತದೆ. ಸರಿಯಾಗಿ ಕಟ್ಟಿದ ಅಸ್ತ್ರ ಒಲೆಯಲ್ಲಿ ಶೇಕಡಾ 30ಕ್ಕೂ ಹೆಚ್ಚು ಭಾಗ ತಲಪುವುದೆಂದು ಪ್ರಯೋಗಗಳು ತೋರಿಸಿವೆ. ಕಟ್ಟಿಗೆಯ ಕೆಳಗಿನ ಕಬ್ಬಿಣದ ಜಾಲರಿಯ ಮೂಲಕ ಗಾಳಿ ಬರುತ್ತದೆ. ಉರಿಯು ಮುಚ್ಚಿದ ಗೂಡಿನಲ್ಲಿ ನಿಲ್ಲುತ್ತದೆ. ಮೊದಲ ಪಾತ್ರೆಯನ್ನು ದಾಟಿದ ಶಾಖವು ಎರಡನೆಯ ಮತ್ತು ಮೂರನೆಯ ಪಾತ್ರೆಗಳನ್ನು ಕಾಯಿಸಿ, ಹೊಗೆಯು ಕೊಳವೆಯ ಮೂಲಕ ಮಾಡಿನ ಮೇಲೆ ಹೋಗುತ್ತದೆ. ಸ್ವಂತ ಮನೆಯಿದ್ದು, ನಿತ್ಯವೂ ಕಟ್ಟಿಗೆ ಉರಿಸುವ ಕುಟುಂಬಕ್ಕೆ ಇಂತಹ ಒಲೆ ಯೋಗ್ಯ.

ಎತ್ತಿಡಬಹುದಾದ ಲೋಹದ ಒಲೆ: ಬಾಡಿಗೆ ಮನೆಯವರಿಗೂ, ಕೆಲಸಕ್ಕಾಗಿ ಊರಿಂದೂರಿಗೆ ಹೋಗುವವರಿಗೂ ಇದು ಅನುಕೂಲ. ಕೊಳ್ಳುವಾಗ ಭಾರತೀಯ ಮಾನಕ ಐಎಸ್ 13152ಕ್ಕೆ ಅನುಗುಣವಾಗಿದೆಯೇ ಎಂದು ವಿಚಾರಿಸಬೇಕು. ಆ ಮಾನಕದಂತೆ ಸಾಧಾರಣ ಗಾಳಿಯ ಒಲೆಯ ದಕ್ಷತೆ ಶೇಕಡಾ 25ಕ್ಕೂ, ಫ್ಯಾನ್ ಅಳವಡಿಸಿದ ಒಲೆಯ ದಕ್ಷತೆ ಶೇಕಡಾ 35ಕ್ಕೂ ಕಡಿಮೆಯಿರಬಾರದು. ಇಂತಹ ಒಲೆಗಳಿಗೆ ಸಾಮಾನ್ಯವಾಗಿ ಹೊಗೆಕೊಳವೆ ಇರುವುದಿಲ್ಲ. ಆದ್ದರಿಂದ ಅಂಗಳದಲ್ಲಾಗಲೀ ತೆರೆದ ಪಡಸಾಲೆಯಲ್ಲಾಗಲೀ ಇಟ್ಟು ಉರಿಸಬೇಕು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಎಷ್ಟೇ ಉತ್ತಮವಾದ ಕಟ್ಟಿಗೆಯ ಒಲೆಯಾದರೂ ಅನಿಲದ ಒಲೆಯಷ್ಟು ನಿರಪಾಯಕಾರಿಯಲ್ಲ. ಅದು ಹಾನಿಯನ್ನು ತಗ್ಗಿಸುತ್ತದೆ, ಪೂರ್ಣವಾಗಿ ನಿವಾರಿಸುವುದಿಲ್ಲ. ಗರ್ಭಿಣಿಯಾಗಲೀ ಹಸುಗೂಸಾಗಲೀ ಇರುವ ಮನೆಯಲ್ಲಿ ಅನಿಲವನ್ನು ಸಾಧ್ಯವಾದಷ್ಟೂ ಹೆಚ್ಚಾಗಿ ಬಳಸಬೇಕು.

ಒಲೆಯನ್ನು ಕಟ್ಟಿಸುವಾಗ

1. ತರಬೇತಿ ಪಡೆದ ಗಾರೆಯವರಿಂದಲೇ ಕಟ್ಟಿಸಿರಿ. ಉರಿಯ ಗೂಡು, ದಾರಿ ಮತ್ತು ಕೊಳವೆಯ ಅಳತೆಗಳನ್ನು ಮನಬಂದಂತೆ ಬದಲಿಸಿದರೆ ಹೊಗೆಯು ಹಿಂದಕ್ಕೆ ಬರುತ್ತದೆ.

2. ಮನೆಯಲ್ಲಿ ದಿನವೂ ಬಳಸುವ ಪಾತ್ರೆಗಳನ್ನೂ ರೊಟ್ಟಿಯ ಹಂಚನ್ನೂ ಮೊದಲೇ ತೋರಿಸಿ, ಅವುಗಳಿಗೆ ಸರಿಯಾಗಿ ಕೂರುವ ಬಾಯಿಗಳನ್ನು ಮಾಡಿಸಿರಿ. ಪಾತ್ರೆಗೂ ಒಲೆಗೂ ನಡುವೆ ಸಂದು ಉಳಿದರೆ ಅಲ್ಲಿಂದಲೇ ಹೊಗೆ ಹೊರಡುತ್ತದೆ.

3. ಕೊಳವೆಯು ಮಾಡಿಗಿಂತ ಕನಿಷ್ಠ ಎರಡು ಅಡಿ ಎತ್ತರಕ್ಕಿರಲಿ. ಮಳೆನೀರು ಬೀಳದಂತೆ ಮೇಲೆ ಟೋಪಿ ಇರಲಿ. ಮಣ್ಣಿನ ಮಾಳಿಗೆಯಾದರೆ ಕೊಳವೆಯ ಸುತ್ತ ತಗಡಿನ ಪಟ್ಟಿ ಹಾಕಿ ಸೋರದಂತೆ ಮಾಡಬೇಕು. ಹುಲ್ಲಿನ ಅಥವಾ ಗರಿಯ ಮಾಡಾದರೆ ಕೊಳವೆಯನ್ನು ಗೋಡೆಯ ಮೂಲಕ ಹೊರಗೊಯ್ದು ಬೆಂಕಿಯ ಭಯವಿಲ್ಲದಂತೆ ನಿಲ್ಲಿಸಬೇಕು.

4. ಹಿಂದೆ ಹೊಗೆಕೊಳವೆಗೆ ಕಲ್ನಾರಿನ ಸಿಮೆಂಟ್ ಕೊಳವೆಗಳನ್ನು ಬಳಸುತ್ತಿದ್ದುದುಂಟು. ಕಲ್ನಾರಿನ ಪುಡಿಯು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಈಗ ಸಿದ್ಧಪಟ್ಟಿದೆ. ಸುಟ್ಟ ಮಣ್ಣಿನ ಅಥವಾ ತಗಡಿನ ಕೊಳವೆಯನ್ನೇ ಹಾಕಿಸಿರಿ. ಹಳೆಯ ಕಲ್ನಾರಿನ ಕೊಳವೆಯಿದ್ದರೆ ಅದನ್ನು ಗರಗಸದಿಂದ ಕೊಯ್ಯುವುದು, ಒಡೆಯುವುದು, ಕೆರೆಯುವುದು ಸಲ್ಲದು. ಒಡಕು ಕಂಡರೆ ತೇವ ಮಾಡಿ, ಇಡಿಯಾಗಿಯೇ ತೆಗೆಸಬೇಕು.

ಉರುವಲಿನ ಎಚ್ಚರ

ಒಳ್ಳೆಯ ಒಲೆಯೂ ಹಸಿ ಕಟ್ಟಿಗೆಯಿಂದ ಹೊಗೆಯುಗುಳುತ್ತದೆ. ಆಗತಾನೆ ಕಡಿದ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಆವಿಯಾಗಿಸಲು ಶಾಖವೆಲ್ಲ ವೆಚ್ಚವಾಗುತ್ತದೆ. ನಮ್ಮ ಸೀಮೆಯಲ್ಲಿ ಧಾರಾಳವಾಗಿ ಬೆಳೆಯುವ ಬಳ್ಳಾರಿ ಜಾಲಿಯು ಗಟ್ಟಿಯಾದ, ಹೆಚ್ಚು ಶಾಖವನ್ನು ಕೊಡುವ ಕಟ್ಟಿಗೆ. ಅದನ್ನು ಬೇಸಿಗೆಯಲ್ಲಿಯೇ ಕಡಿದು, ಮುಳ್ಳು ಸವರಿ, ಹೆಬ್ಬೆರಳಿನಿಂದ ಮಣಿಕಟ್ಟಿನವರೆಗಿನ ದಪ್ಪಕ್ಕೆ ಸೀಳಿ, ಮಳೆಗಾಲಕ್ಕೆ ಮುನ್ನ ನೆರಳಿನ ಅಟ್ಟಣೆಯ ಮೇಲೆ ಒಟ್ಟಬೇಕು. ಒಣಗಿದ ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ ‘ಟಣ್’ ಎಂಬ ಸದ್ದು ಬರುತ್ತದೆ. ಹಸಿಯಾದವು ಮಂದವಾಗಿ ಸದ್ದು ಮಾಡುತ್ತವೆ. ಹತ್ತಿಕಟ್ಟಿಗೆ, ಮೆಕ್ಕೆಜೋಳದ ಬೆಂಡು, ಕಂಪ್ಲಿಯ ಕಡೆ ಸಿಗುವ ಭತ್ತದ ಹುಲ್ಲು ಇವು ಬೇಗ ಉರಿದು ಹೋಗುವ ಕಾರಣ ಸ್ವಲ್ಪಸ್ವಲ್ಪವಾಗಿ ಮಾತ್ರ ಹಾಕಬೇಕು. ಪ್ಲಾಸ್ಟಿಕ್, ರಬ್ಬರ್, ಬಣ್ಣ ಬಳಿದ ಮರ ಇವುಗಳನ್ನು ಎಂದಿಗೂ ಒಲೆಗೆ ಹಾಕಬಾರದು.

ಪಾಲನೆಯೇ ಮುಖ್ಯ

ಭಾರತ ಸರ್ಕಾರವು ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು 1983ರಲ್ಲಿ ಆರಂಭಿಸಿ 2002ರವರೆಗೆ ನಡೆಸಿತು. ಆ ಅವಧಿಯಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳು ದೇಶದಲ್ಲಿ ನಿರ್ಮಾಣವಾದವು. ಆದರೆ ಅವುಗಳಲ್ಲಿ ಅನೇಕವು ಕೆಲವೇ ವರ್ಷಗಳಲ್ಲಿ ಬಿರುಕು ಬಿಟ್ಟು, ಮಸಿ ಕಟ್ಟಿ, ಮೂಲೆಪಾಲಾದವು. ಒಡಿಶಾ ರಾಜ್ಯದ ಹಳ್ಳಿಗಳಲ್ಲಿ ಸುಮಾರು 2,600 ಕುಟುಂಬಗಳನ್ನು ನಾಲ್ಕು ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಹೊಸ ಒಲೆಯ ಮೊದಲ ವರ್ಷದಲ್ಲಿ ಅಡುಗೆ ಮಾಡುವವರ ಉಸಿರಿಗೆ ಸೇರುವ ಹೊಗೆ ಕಡಿಮೆಯಾಗಿತ್ತು. ಅನಂತರ ಆ ಪ್ರಯೋಜನ ಇಲ್ಲವಾಯಿತು. ಜನರು ಒಲೆಯನ್ನು ಕ್ರಮವಾಗಿ ಬಳಸಲಿಲ್ಲ, ಸರಿಯಾಗಿ ಪಾಲಿಸಲಿಲ್ಲ ಎಂಬುದೇ ಕಾರಣವಾಗಿ ಕಂಡುಬಂದಿತು. ಒಲೆ ಕಟ್ಟುವುದು ಒಂದು ದಿನದ ಕೆಲಸ. ಅದನ್ನು ಕಾಯುವುದು ಪ್ರತಿದಿನದ ಕೆಲಸ ಎಂಬ ಪಾಠವನ್ನು ಇದರಿಂದ ಕಲಿಯಬೇಕು.

ಪ್ರತಿದಿನ: ತಣ್ಣಗಾದ ಮೇಲೆ ಜಾಲರಿಯ ಕೆಳಗಿನ ಬೂದಿಯನ್ನು ತೆಗೆಯಬೇಕು. ಬೂದಿ ತುಂಬಿದರೆ ಗಾಳಿಯ ದಾರಿ ಮುಚ್ಚುತ್ತದೆ.

ವಾರಕ್ಕೊಮ್ಮೆ: ಒಲೆಯ ಮೈಯಲ್ಲಿ ಬಿರುಕು ಕಂಡರೆ ಜೇಡಿಮಣ್ಣು, ಸೆಗಣಿ ಮತ್ತು ಹೊಟ್ಟನ್ನು ಕಲಸಿ ಮೆತ್ತಬೇಕು. ಪಾತ್ರೆಗಳ ತಳದ ಮಸಿಯನ್ನು ಉಜ್ಜಿ ತೆಗೆಯಬೇಕು.

ಹದಿನೈದು ದಿನಕ್ಕೊಮ್ಮೆ: ಪಾತ್ರೆಗಳನ್ನು ತೆಗೆದು ಒಳದಾರಿಯ ಮಸಿಯನ್ನು ಉದ್ದ ಹಿಡಿಯ ಸೌಟಿನಿಂದ ತೋಡಬೇಕು.

ತಿಂಗಳಿಗೊಮ್ಮೆ: ಹಗ್ಗದ ತುದಿಗೆ ಗೋಣಿಯ ಉಂಡೆಯನ್ನೂ ಅದರ ಕೆಳಗೆ ಒಂದು ಕಲ್ಲನ್ನೂ ಕಟ್ಟಿ, ಕೊಳವೆಯಲ್ಲಿ ಮೇಲಿನಿಂದ ಇಳಿಸಿ ಎಳೆದಾಡಿ ಮಸಿಯನ್ನು ಬೀಳಿಸಬೇಕು. ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಬೇಕು. ಮಕ್ಕಳನ್ನು ಹೊರಗೆ ಕಳುಹಿಸಬೇಕು.

ಮಾಳಿಗೆ ಹತ್ತಿ ಮಾಡುವ ಈ ಕಡೆಯ ಕೆಲಸ ಗಂಡನದು. ಒಲೆಯೆಂದರೆ ಹೆಂಗಸರ ವಿಷಯವೆಂದು ಗಂಡಸರು ಸುಮ್ಮನಾದಲ್ಲಿ ಕೊಳವೆ ಕಟ್ಟಿಕೊಳ್ಳುತ್ತದೆ, ಹೊಗೆ ಒಳಗೆ ತಿರುಗುತ್ತದೆ, ಬೇಸತ್ತ ಗೃಹಿಣಿ ಮತ್ತೆ ಮೂರು ಕಲ್ಲನ್ನು ಹೂಡುತ್ತಾಳೆ. ಒಣ ಕಟ್ಟಿಗೆಯನ್ನು ಒದಗಿಸುವುದು, ಕೊಳವೆಯನ್ನು ಶುಚಿ ಮಾಡುವುದು, ಸಿಲಿಂಡರು ಮುಗಿಯುವ ಮುನ್ನ ಹಣವನ್ನು ತೆಗೆದಿಡುವುದು ಇವು ದಂಪತಿಗಳಿಬ್ಬರೂ ಕೂಡಿ ನಿರ್ಧರಿಸಬೇಕಾದ ಸಂಗತಿಗಳು.

ಒಲೆ ಸರಿಯಾಗಿದೆಯೇ? ಸುಲಭ ಪರೀಕ್ಷೆ

ಮೂರು ಪಾತ್ರೆಗಳನ್ನೂ ಇಟ್ಟು, ಉರಿ ಹತ್ತಿದ ಮೇಲೆ, ಹೊತ್ತಿಸಿದ ಊದುಬತ್ತಿಯನ್ನು ಒಲೆಯ ಬಾಯಿಯ ಬಳಿ ಹಿಡಿಯಿರಿ. ಅದರ ಹೊಗೆಯು ಒಲೆಯೊಳಕ್ಕೆ ಎಳೆದುಕೊಂಡರೆ ಕೊಳವೆ ಶುಚಿಯಾಗಿದೆ. ಹೊರಕ್ಕೆ ತಿರುಗಿದರೆ ಕೊಳವೆಯನ್ನೂ ಒಳದಾರಿಯನ್ನೂ ಅಂದೇ ಶುಚಿ ಮಾಡಬೇಕು.

ಕೆಲವು ಸಂದೇಹಗಳು

‘ಇಂತಹ ಒಲೆಯ ಮೇಲೆ ಜೋಳದ ರೊಟ್ಟಿ ಬೇಯುವುದಿಲ್ಲ’ ಎಂದು ಕೆಲವರು ಹೇಳುತ್ತಾರೆ. ಹಂಚನ್ನು ಅತಿ ಹೆಚ್ಚು ಶಾಖವಿರುವ ಮೊದಲ ಬಾಯಿಯ ಮೇಲಿಟ್ಟು, ಉಳಿದೆರಡರ ಮೇಲೆ ಬೇಳೆಯನ್ನೂ ನೀರನ್ನೂ ಇಟ್ಟರೆ ರೊಟ್ಟಿ ಚೆನ್ನಾಗಿಯೇ ಬೇಯುತ್ತದೆ. ರೊಟ್ಟಿ ಮುಗಿಯುವಷ್ಟರಲ್ಲಿ ಬೇಳೆಯೂ ಬೆಂದಿರುತ್ತದೆ. ಖಾಲಿ ಬಾಯಿಗಳನ್ನು ತೆರೆದು ಬಿಡಬಾರದು.

‘ಹೊಗೆಯಿಂದ ಸೊಳ್ಳೆಗಳು ಓಡುತ್ತವೆ’ ಎಂಬುದು ಇನ್ನೊಂದು ಮಾತು. ಸೊಳ್ಳೆಗೆ ಪರದೆ ಇದೆ, ನಿಂತ ನೀರನ್ನು ಚೆಲ್ಲುವ ಉಪಾಯವಿದೆ. ಮಗುವಿನ ಶ್ವಾಸಕೋಶಕ್ಕೆ ಪರ್ಯಾಯವಿಲ್ಲ.

ಯಾವಾಗ ವೈದ್ಯರನ್ನು ಕಾಣಬೇಕು?

ಕೆಮ್ಮುವ ಮಗು ಶಾಂತವಾಗಿರುವಾಗ ಒಂದು ನಿಮಿಷ ಪೂರ್ತಿ ಉಸಿರನ್ನು ಎಣಿಸಿರಿ. ಎರಡು ತಿಂಗಳೊಳಗಿನ ಶಿಶುವಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರುಗಳಿದ್ದರೆ ನ್ಯುಮೋನಿಯಾ ಇರಬಹುದು. ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತರಬೇಕು. ಉಸಿರೆಳೆಯುವಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೇದಿಕೊಂಡರೆ, ಮಗು ಹಾಲು ಕುಡಿಯದಿದ್ದರೆ, ತುಟಿ ನೀಲಿಯಾದರೆ ತಡಮಾಡದೆ 108 ವಾಹನವನ್ನು ಕರೆಯಬೇಕು. ಕೆಂಡವಿದ್ದ ಕೋಣೆಯಲ್ಲಿ ತಲೆನೋವು, ವಾಂತಿ, ಮಂಪರು ಕಂಡರೆ ಕೂಡಲೇ ಎಲ್ಲರನ್ನೂ ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಸಾಗಿಸಬೇಕು. ಎರಡು ವಾರಕ್ಕೂ ಮೀರಿದ ಕೆಮ್ಮನ್ನು ಒಲೆಯ ಹೊಗೆಯದೆಂದೇ ತಿಳಿದು ಸುಮ್ಮನಿರದೆ ಕಫದ ಪರೀಕ್ಷೆಯನ್ನು ಮಾಡಿಸಬೇಕು.

ಹಿತಮಿತವಾದ ಸಂಸಾರಕ್ಕೆ ದಂಪತಿಗಳಿಬ್ಬರ ಒಪ್ಪಿಗೆ ಎಷ್ಟು ಅವಶ್ಯಕವೋ, ಹೊಗೆಯಿಲ್ಲದ ಅಡುಗೆಮನೆಗೂ ಅಷ್ಟೇ ಅವಶ್ಯಕ. ಈ ಪುಸ್ತಿಕೆಯನ್ನು ಓದಿದ ದಿನವೇ ಇಬ್ಬರೂ ಕೂಡಿ ಊದುಬತ್ತಿಯ ಪರೀಕ್ಷೆಯನ್ನು ಮಾಡಿ ನೋಡಿರಿ. ಕೊಳವೆಯಿಲ್ಲದ ಮನೆಯವರು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿರಿ. ಮುಂದಿನ ಕೂಸು ಹುಟ್ಟುವ ಮೊದಲೇ ಮನೆಯ ಗಾಳಿಯು ಶುದ್ಧವಾಗಿರಲಿ.