ನಿಮಗಿದು ಗೊತ್ತೇ? ಕಸುವಿನ ಕೀಲಿ ನರದ ಕೈಯಲ್ಲಿ

ನಮ್ಮ ಮೈಯಲ್ಲಿ ಎಲುಬಿಗೆ ಅಂಟಿಕೊಂಡ ಸ್ನಾಯುಗಳೇ 600ಕ್ಕೂ ಹೆಚ್ಚು. ಅವುಗಳಲ್ಲಿ ಒಂದಕ್ಕೂ ನೂಕಲು ಬರುವುದಿಲ್ಲ. ಸ್ನಾಯುವಿಗೆ ಗೊತ್ತಿರುವುದು ಎಳೆಯುವುದೊಂದೇ. ಕಬ್ಬಿನ ಗದ್ದೆಯ ಕೆಸರಲ್ಲಿ ಹೂತ ಟ್ರ್ಯಾಕ್ಟರನ್ನು ನಾಲ್ಕು ಜನ ಸೇರಿ ನೂಕುತ್ತಾರಲ್ಲ, ಆಗಲೂ ಒಳಗೆ ನಡೆಯುವುದು ಎಳೆತವೇ. ತೋಳಿನ ಹಿಂಬದಿಯ ಸ್ನಾಯು ಮೊಣಕೈ ಎಲುಬನ್ನು ಎಳೆದಾಗ ಕೈ ನೆಟ್ಟಗಾಗುತ್ತದೆ, ತೊಡೆಯ ಮುಂಬದಿಯ ಸ್ನಾಯು ಮಂಡಿಚಿಪ್ಪನ್ನು ಎಳೆದಾಗ ಕಾಲು ಚಾಚುತ್ತದೆ.

ಈ ಎಳೆತದ ಗುಟ್ಟು ಬಯಲಾದದ್ದು 1954ರಲ್ಲಿ. ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಬೇರೆ ಬೇರೆ ತಂಡಗಳ ಪ್ರಬಂಧಗಳು ಅಚ್ಚಾದವು. ಎರಡರಲ್ಲೂ ಹಕ್ಸ್ಲಿ ಎಂಬ ಹೆಸರಿನ ಒಬ್ಬೊಬ್ಬ ವಿಜ್ಞಾನಿ ಇದ್ದರು, ಅವರಿಬ್ಬರು ಸಂಬಂಧಿಕರಲ್ಲ. ಸ್ನಾಯುವಿನ ಎಳೆಗಳು ಕುಗ್ಗುವುದಿಲ್ಲ, ಒಂದರೊಳಗೊಂದು ಜಾರುತ್ತವೆ ಎಂಬುದು ಅವರು ಕಂಡ ಸಂಗತಿ. ನರದಿಂದ ಅಪ್ಪಣೆ ಬಂದೊಡನೆ ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಚೆಲ್ಲುತ್ತದೆ. ಆಗ ಮಯೋಸಿನ್ ಎಂಬ ಪ್ರೋಟೀನು ಆ್ಯಕ್ಟಿನ್ ಎಂಬ ಇನ್ನೊಂದನ್ನು ಹಗ್ಗಜಗ್ಗಾಟದವರಂತೆ ಹಿಡಿದು, ಎಳೆದು, ಬಿಟ್ಟು, ಮತ್ತೆ ಮುಂದಕ್ಕೆ ಹಿಡಿಯುತ್ತದೆ. ಇದಕ್ಕೆ ಬೇಕಾದ ಇಂಧನ ಎಟಿಪಿ. ಹಿಡಿತ ಬಿಡುವುದಕ್ಕೂ ಅದೇ ಇಂಧನ ಬೇಕು ಎನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. ಸತ್ತ ಮೇಲೆ ಎಟಿಪಿ ಹುಟ್ಟುವುದು ನಿಂತುಹೋಗುತ್ತದೆ, ಹಿಡಿದ ಹಿಡಿತ ಹಾಗೇ ಉಳಿಯುತ್ತದೆ. ಹೆಣ ಸೆಟೆದುಕೊಳ್ಳುವುದು ಇದೇ ಕಾರಣಕ್ಕೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೀವು ನೋಡಿರಬಹುದು. ಪೈಲ್ವಾನ ಮೊದಲು ಕಲ್ಲಿನ ಸುತ್ತ ಒಂದು ಸುತ್ತು ಬರುತ್ತಾನೆ, ಅಂಗೈಗೆ ಮಣ್ಣು ತಿಕ್ಕಿಕೊಳ್ಳುತ್ತಾನೆ, ಬಗ್ಗಿ ಬೆರಳು ಹೂಡುತ್ತಾನೆ, ಉಸಿರು ಹಿಡಿಯುತ್ತಾನೆ. ಕಲ್ಲು ತೊಡೆಗೆ ಬರುತ್ತದೆ, ಎದೆಗೆ ಬರುತ್ತದೆ, ಹೆಗಲೇರುತ್ತದೆ. ಪಕ್ಕದಲ್ಲಿ ನಿಂತ ಅಷ್ಟೇ ದಪ್ಪ ತೋಳಿನ ಹುಡುಗನಿಗೆ ಅದು ನೆಲ ಬಿಟ್ಟು ಏಳುವುದಿಲ್ಲ. ಯಾಕೆ? ಒಂದು ನರತಂತುವಿನ ಕೈಕೆಳಗೆ ಒಂದಷ್ಟು ಸ್ನಾಯುಕೋಶಗಳಿರುತ್ತವೆ. ಕಣ್ಣುಗುಡ್ಡೆ ಹೊರಳಿಸುವ ಕಡೆ ಹತ್ತಿಪ್ಪತ್ತು, ಮೀನಖಂಡದಲ್ಲಿ ಸಾವಿರಕ್ಕೂ ಮೇಲೆ. ಭಾರ ಎತ್ತುವಾಗ ನರಮಂಡಲ ಮೊದಲು ಸಣ್ಣ ಗುಂಪುಗಳನ್ನು ಕರೆಯುತ್ತದೆ, ಭಾರ ಏರಿದಂತೆ ದೊಡ್ಡವನ್ನು ಕರೆಯುತ್ತದೆ. ಹೊಸಬನ ನರಗಳಿಗೆ ಆ ದೊಡ್ಡ ಗುಂಪುಗಳನ್ನೆಲ್ಲ ಒಟ್ಟಿಗೆ ಎಬ್ಬಿಸುವ ರೂಢಿ ಇರುವುದಿಲ್ಲ. ಇರುವ ಕಸುವು ಇದ್ದಲ್ಲೇ ಮಲಗಿರುತ್ತದೆ.

ಗರಡಿಮನೆಯಲ್ಲಿ ಸಾಮು ಶುರುಮಾಡಿದವನಿಗೆ ಮೊದಲ ಕೆಲವು ವಾರಗಳಲ್ಲೇ ಬಲ ಏರುತ್ತದೆ, ಕನ್ನಡಿಯಲ್ಲಿ ಮಾತ್ರ ತೋಳು ಮೊದಲಿನಂತೆಯೇ ಕಾಣುತ್ತದೆ. ಆ ಆರಂಭದ ಗಳಿಕೆ ಬಹುಪಾಲು ನರದ್ದು, ಮಾಂಸದ್ದಲ್ಲ. ಸ್ನಾಯು ದಪ್ಪವಾಗುವುದು ಆಮೇಲೆ. ಆಗಲೂ ಮುಖ್ಯವಾಗಿ ಇರುವ ಕೋಶಗಳೇ ದಪ್ಪವಾಗುತ್ತವೆ, ಅವುಗಳ ಸಂಖ್ಯೆ ಹೆಚ್ಚುವುದಿಲ್ಲ ಎನ್ನಬಹುದು. ಸೇನಾ ಭರ್ತಿಗೆಂದು ಬೆಳ್ಳಂಬೆಳಗ್ಗೆ ರಸ್ತೆಗಿಳಿಯುವ ನಮ್ಮ ಹುಡುಗರು ಇದನ್ನು ತಿಳಿದಿರಬೇಕು. ತಿಂಗಳಾದರೂ ಮೈ ಬದಲಾಗಲಿಲ್ಲವೆಂದು ಪುಡಿ, ಸೂಜಿಗಳ ಹಿಂದೆ ಬೀಳುವ ಅಗತ್ಯವಿಲ್ಲ. ಒಳಗೆ ಕೆಲಸ ನಡೆದಿರುತ್ತದೆ.

ಅದೇ ಭರ್ತಿಯಲ್ಲಿ 1,600 ಮೀಟರ್ ಓಟವೂ ಇದೆ, ಪುಲ್‌ಅಪ್ ಕೂಡ ಇದೆ. ಎರಡರ ಇಂಧನ ಬೇರೆ. ಸ್ನಾಯುವಿನಲ್ಲಿ ಸಿದ್ಧವಿರುವ ಎಟಿಪಿ ಕೆಲವೇ ಸೆಕೆಂಡಿಗೆ ಮುಗಿಯುತ್ತದೆ, ಕ್ರಿಯಾಟಿನ್ ಫಾಸ್ಫೇಟ್ ಇನ್ನಷ್ಟು ಸೇರಿಸಿ ಸುಮಾರು ಹತ್ತು ಸೆಕೆಂಡಿನವರೆಗೆ ಎಳೆಯುತ್ತದೆ. ಕಲ್ಲು ಎತ್ತುವವನಿಗೆ ಅಷ್ಟು ಸಾಕು. ಓಡುವವನಿಗೆ ಆಮೇಲಿನದೆಲ್ಲ ಸಕ್ಕರೆ ಮತ್ತು ಆಮ್ಲಜನಕದ ಲೆಕ್ಕ.

ಗೋಕಾಕಿನ ಕರದಂಟಿನಲ್ಲಿ ಪೈಲ್ವಾನರಿಗೆ ಬೇಕಾದದ್ದು ಇದೆಯೇ? ಇದೆ. ಆದರೆ ಅಂಟಿನಲ್ಲಿ ಅಲ್ಲ. ಅಂಟು ಬಹುಪಾಲು ನಾರಿನಂಶ, ಅದರಲ್ಲಿ ಸ್ನಾಯು ಕಟ್ಟುವ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಪ್ರೋಟೀನು ಬರುವುದು ಬಾದಾಮಿ, ಗೋಡಂಬಿಯಿಂದ. ಬೆಲ್ಲ ಖರ್ಚಾದ ಸಕ್ಕರೆಯನ್ನು ಸ್ನಾಯುವಿಗೆ ತುಂಬಿಕೊಡುತ್ತದೆ.

ಹುಕ್ಕೇರಿ ತಾಲೂಕಿನ ವಲ್ಲಭಗಡದ ಕೋಟೆ ಹತ್ತಿದವರಿಗೆ ಮರುದಿನ ತೊಡೆ ನೋಯುವುದು ಹತ್ತಿದ್ದಕ್ಕಲ್ಲ, ಇಳಿದದ್ದಕ್ಕೆ. ಇಳಿಯುವಾಗ ತೊಡೆಯ ಸ್ನಾಯು ಬಿಗಿದುಕೊಂಡೇ ಉದ್ದವಾಗಬೇಕು, ಹಾಗಾಗಿ ಅದರ ಎಳೆಗಳಲ್ಲಿ ಕಣ್ಣಿಗೆ ಕಾಣದ ಬಿರುಕುಗಳಾಗುತ್ತವೆ. ನೋವು ಒಂದರಿಂದ ಮೂರು ದಿನದೊಳಗೆ ಏರಿ ಇಳಿಯುತ್ತದೆ. ತಪ್ಪನ್ನೆಲ್ಲ ಲ್ಯಾಕ್ಟಿಕ್ ಆಮ್ಲದ ಮೇಲೆ ಹೊರಿಸುವುದು ಹಳೆಯ ರೂಢಿ. ಅದು ತಾಸೆರಡು ತಾಸಿನಲ್ಲೇ ರಕ್ತದಿಂದ ಖಾಲಿಯಾಗಿರುತ್ತದೆ, ಪಾಪ.

ಗೋಕಾಕ ಫಾಲ್ಸಿನ ತೂಗುಸೇತುವೆ ಸುಮಾರು 200 ಮೀಟರ್ ಉದ್ದ. ಅದು ಓಲಾಡಿದಾಗ ನೀವು ಯೋಚಿಸುವ ಮೊದಲೇ ಮೀನಖಂಡ ಬಿಗಿಯುತ್ತದೆ. ಸ್ನಾಯುವಿನೊಳಗೆ ಹುದುಗಿದ ಸಣ್ಣ ಸಂವೇದಕಗಳು ಎಳೆತವನ್ನು ಗುರುತಿಸಿ ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ, ಉತ್ತರ ಅಲ್ಲಿಂದಲೇ ಬರುತ್ತದೆ. ಮಿದುಳಿಗೆ ವಿಷಯ ತಿಳಿಯುವುದು ತಡವಾಗಿ.

ಜಲಪಾತದ ದಂಡೆಯ ನೂಲಿನ ಮಿಲ್ಲು ಹತ್ತೊಂಬತ್ತನೇ ಶತಮಾನದ್ದು. ಅಂಥ ಮಿಲ್ಲಿನಲ್ಲಿ ಯಂತ್ರದ ಮುಂದೆ ಪಾಳಿಯುದ್ದಕ್ಕೂ ನಿಲ್ಲುವ ಯಾರಿಗೇ ಆದರೂ ಎರಡು ಸ್ನಾಯುಗಳ ಮೇಲೆ ಹೊರೆ ಬೀಳುತ್ತದೆ. ಮೊದಲನೆಯದು ಮೀನಖಂಡ. ಅದು ಕುಗ್ಗಿ ಹಿಗ್ಗಿದರೇ ಕಾಲಿನ ರಕ್ತ ಸಲೀಸಾಗಿ ಮೇಲೇರುವುದು. ನಿಂತಲ್ಲೇ ನಿಂತರೆ ಆ ಪಂಪು ನಿಲ್ಲುತ್ತದೆ, ಕಾಲು ಊದುತ್ತದೆ, ರಕ್ತನಾಳ ಉಬ್ಬುತ್ತದೆ. ಆಗಾಗ ಹಿಮ್ಮಡಿ ಎತ್ತಿ ಇಳಿಸುವುದು ಒಳ್ಳೆಯದು. ಎರಡನೆಯದು ಮೈಯಲ್ಲೇ ಅತಿ ಚಿಕ್ಕದಾದ ಸ್ಟೇಪಿಡಿಯಸ್. ಅದು ಕಿವಿಯೊಳಗಿದ್ದು, ಜೋರು ಸದ್ದಾದಾಗ ಅತಿ ಚಿಕ್ಕ ಎಲುಬನ್ನು ಹಿಡಿದು ಅದುರು ತಗ್ಗಿಸುತ್ತದೆ. ಸದ್ದು ಎಡೆಬಿಡದೆ ಇದ್ದರೆ ಸೋಲುತ್ತದೆ. ಜಾತ್ರೆಯ ಗರ್ನಾಲಿಗಂತೂ ಅದು ಎಚ್ಚರಗೊಳ್ಳುವಷ್ಟರಲ್ಲಿ ಪೆಟ್ಟು ಬಿದ್ದಾಗಿರುತ್ತದೆ. ಕೂಸುಗಳ ಕಿವಿ ಮುಚ್ಚಿರಿ.

ಬೆರಳುಗಳ ಒಳಗೆ, ಅವನ್ನು ಮಡಚುವಂಥ ಒಂದು ಸ್ನಾಯುವೂ ಇಲ್ಲ! ರೊಟ್ಟಿ ಬಡಿಯುವಾಗ ಬೆರಳು ಆಡಿಸುವ ಸ್ನಾಯುಗಳು ಮುಂಗೈಯಲ್ಲೂ ಅಂಗೈಯಲ್ಲೂ ಇವೆ, ಬೆರಳಿಗೆ ಬರುವುದು ಅವುಗಳ ರಜ್ಜು ಮಾತ್ರ. ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ಮಣಿಕಟ್ಟನ್ನು ಒಳಕ್ಕೆ ಬಗ್ಗಿಸಿ ನೋಡಿ. ಮಣಿಕಟ್ಟಿನ ನಡುವೆ ಒಂದು ಹುರಿ ಎದ್ದು ಕಂಡರೆ ನಿಮಗೆ ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯು ಇದೆ. ಕಾಣದಿದ್ದರೆ ಹೆದರಬೇಡಿ. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಕೆಲಸಕ್ಕೆ ಯಾವ ಕೊರತೆಯೂ ಆಗುವುದಿಲ್ಲ.

ಶ್ರೀಕೃಷ್ಣ ಪಾರಿಜಾತ ಬಯಲಾಟ ಎಂದರೆ ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ನೆನಪಾಗುತ್ತಾರೆ. ಮೈಕಿಲ್ಲದ ಬಯಲಲ್ಲಿ ದನಿ ಕೊನೆಯ ಸಾಲಿನವರೆಗೆ ಮುಟ್ಟಬೇಕಾದರೆ ಗಂಟಲಿಗಿಂತ ಹೆಚ್ಚು ದುಡಿಯುವುದು ಹೊಟ್ಟೆ, ಪಕ್ಕೆಲುಬು ಮತ್ತು ವಪೆ. ಎಳೆದುಕೊಂಡ ಉಸಿರನ್ನು ಒಮ್ಮೆಗೇ ಬಿಡದೆ ತಡೆದು ತಡೆದು ಬಿಡುವುದರಲ್ಲೇ ಆ ಕಸುಬು ಇದೆ. ಹಾಡಿನ ಏರಿಳಿತಕ್ಕೆ ಧ್ವನಿತಂತುಗಳನ್ನು ಬಿಗಿಮಾಡುವ ಸಣ್ಣ ಸ್ನಾಯುಗಳು ಬೇರೆ.

ಕೈ ರೂಢಿಯಾಯಿತು ಎನ್ನುತ್ತೇವಲ್ಲ, ಆ ನೆನಪು ಕೈಯಲ್ಲಿಲ್ಲ, ಮಿದುಳಿನಲ್ಲಿದೆ. 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರರ ನಂಟು ನಮ್ಮ ಘಟಪ್ರಭೆಯೊಂದಿಗೆ ಇತ್ತು. ಅವರ ಸ್ವಯಂಸೇವಕರು ಕಲಿತ ಕವಾಯತಿನ ಒಂದೊಂದು ಹೆಜ್ಜೆಯೂ ಬೇರೂರಿದ್ದು ಕಿರುಮಿದುಳೂ ಸೇರಿದ ಮಿದುಳಿನ ಭಾಗಗಳಲ್ಲಿ.

ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯ ಸುತ್ತ ಹಂಗಾಮು ಶುರುವಾದರೆ ಕಬ್ಬು ಕಡಿಯುವ ಗ್ಯಾಂಗುಗಳು ನಸುಕಿನಲ್ಲೇ ಗದ್ದೆಗಿಳಿಯುತ್ತವೆ. ಸ್ನಾಯು ಸುಡುವ ಇಂಧನದಲ್ಲಿ ಕೆಲಸಕ್ಕೆ ಬರುವುದು ಕಾಲುಭಾಗವಷ್ಟೇ, ಮಿಕ್ಕದ್ದು ಕಾವು. ಆ ಕಾವನ್ನು ಬೆವರು ಹೊರಹಾಕಬೇಕು. ನೀರು, ಉಪ್ಪು, ನೆರಳು ಸಿಗದಿದ್ದರೆ ಸ್ನಾಯು ಹಿಡಿದುಕೊಳ್ಳಬಹುದು. ಅತಿಯಾದರೆ ಸ್ನಾಯುಕೋಶ ಒಡೆದು ಮೂತ್ರ ಚಹಾದ ಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡಕ್ಕೆ ಅಪಾಯವಾಗುತ್ತದೆ. ನಿಕರಾಗುವ, ಎಲ್ ಸಾಲ್ವಡಾರ್ ದೇಶಗಳಲ್ಲಿ ಕಬ್ಬು ಕಡಿಯುವ ಹರೆಯದವರಲ್ಲೇ ಮೂತ್ರಪಿಂಡದ ಕಾಯಿಲೆ ದೊಡ್ಡ ಪ್ರಮಾಣದಲ್ಲಿ ಕಂಡುಬಂದಿದೆ. ಗದ್ದೆಯ ಬದುವಿನಲ್ಲಿ ನೀರಿನ ಕೊಡ ಮತ್ತು ನೆರಳು ಇರುವಂತೆ ನೋಡಿಕೊಳ್ಳುವುದು ಗದ್ದೆಯವರ ಕೆಲಸ.

ಅದೇ ಗದ್ದೆಯಲ್ಲಿ ನರಕ್ಕೂ ಸ್ನಾಯುವಿಗೂ ನಡುವಿನ ಕೊಂಡಿಯನ್ನೇ ಮುರಿಯುವ ಎರಡು ಅಪಾಯಗಳಿವೆ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಟು ಸ್ನಾಯುವಿಗೆ ಅಪ್ಪಣೆ ಮುಟ್ಟಿಸುತ್ತದೆ. ನಾಗರಹಾವು ಮತ್ತು ಕಟ್ಟುಹಾವಿನ ವಿಷ ಈ ಅಪ್ಪಣೆಯನ್ನು ತಡೆಯುತ್ತದೆ. ಮೊದಲು ಸೋಲುವುದು ಸಾಮಾನ್ಯವಾಗಿ ಕಣ್ಣುರೆಪ್ಪೆ, ಆಮೇಲೆ ನುಂಗುವ ಸ್ನಾಯು, ಕೊನೆಗೆ ಉಸಿರಾಟದ ಸ್ನಾಯು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿದರೆ ಎಷ್ಟೋ ಸಲ ನೋವೂ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ಮುಂಜಾನೆ ರೆಪ್ಪೆ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದನ್ನು ನಿದ್ದೆಗಣ್ಣು ಎನ್ನಬೇಡಿ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಮಂತ್ರಕ್ಕೆ ಹೊತ್ತು ಕಳೆಯಬೇಡಿ, 108ಕ್ಕೆ ಫೋನ್ ಮಾಡಿ. ಪ್ರತಿವಿಷದ ಜೊತೆ ಹೊತ್ತಿಗೆ ಸರಿಯಾಗಿ ಉಸಿರಾಟದ ಯಂತ್ರ ಸಿಕ್ಕರೆ ಇಂಥವರು ಬದುಕುಳಿಯುವ ಸಾಧ್ಯತೆ ಹೆಚ್ಚು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಘೋಷಿಸಿತು.

ಎರಡನೆಯದು ಆರ್ಗನೋಫಾಸ್ಫೇಟ್ ಕೀಟನಾಶಕ. ಅದು ಅಪ್ಪಣೆಯನ್ನು ತಡೆಯುವುದಿಲ್ಲ, ಮುಗಿಯಲು ಬಿಡುವುದಿಲ್ಲ. ಅಸಿಟೈಲ್‌ಕೋಲಿನ್ ಕರಗದೆ ಉಳಿದು ಸ್ನಾಯುಗಳು ಅಲ್ಲಲ್ಲಿ ಅದುರಿ, ಕಡೆಗೆ ಸೋತು ಬೀಳುತ್ತವೆ. ಬೆನ್ನಿನ ಪಂಪು ಸೋರಿ ಅಂಗಿ ತೊಯ್ದರೆ ಚರ್ಮದ ಮೂಲಕವೇ ವಿಷ ಒಳಗಿಳಿಯುತ್ತದೆ. ಬಾಯಲ್ಲಿ ನೀರೂರಿ, ಕಣ್ಣು ಮಂಜಾಗಿ, ಮೈ ಅದುರಿದರೆ ಅಂಗಿ ತೆಗೆದು ಸಾಬೂನು ಹಾಕಿ ತೊಳೆಯಿರಿ, ಡಬ್ಬಿಯ ಚೀಟಿ ಹಿಡಿದು ಆಸ್ಪತ್ರೆಗೆ ಓಡಿ.

ನರದ ಅಪ್ಪಣೆಗೆ ಕಾಯದ ಸ್ನಾಯುವೂ ಒಂದಿದೆ. ಹೃದಯ ತನ್ನ ಬಡಿತವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ದಿನಕ್ಕೆ ಸುಮಾರು 1 ಲಕ್ಷ ಸಲ. ನರ ಮಾಡುವುದು ವೇಗ ಹೆಚ್ಚು ಕಡಿಮೆ ಮಾಡುವುದಷ್ಟೇ.

ವಯಸ್ಸು ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ವಯಸ್ಸಾಯಿತು, ಕೂತುಕೊಳ್ಳಿ ಎಂದು ನಾವು ಹಿರಿಯರಿಗೆ ಪ್ರೀತಿಯಿಂದಲೇ ಹೇಳುತ್ತೇವೆ. ಅದು ಅವರಿಗೆ ಮಾಡುವ ಉಪಕಾರವಲ್ಲ. ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ 10 ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು, ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ತರಬೇತಿ ಪೂರೈಸಿದವರ ತೊಡೆಯ ಸ್ನಾಯು ಬೆಳೆದದ್ದು ಸರಾಸರಿ ಶೇ 9, ಬಲ ಏರಿದ್ದು ಶೇ 174. ಉಳಿದದ್ದೆಲ್ಲ ಬಹುಮಟ್ಟಿಗೆ ನರಗಳ ಪುನರಭ್ಯಾಸ. ಇಬ್ಬರು ನಡೆಯುವಾಗ ಕೋಲು ಬಳಸುವುದನ್ನೇ ಬಿಟ್ಟರು. ಮನೆಯ ಅಜ್ಜ, ಅಜ್ಜಿಗೆ ವೈದ್ಯರನ್ನು ಕೇಳಿಕೊಂಡು, ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ದಿನಾ ಮಾಡಿಸಿ. ಬಿದ್ದರೆ ಹಿಡಿಯಲು ಪಕ್ಕದಲ್ಲಿ ಒಬ್ಬರು ನಿಂತಿರಲಿ.